ಎಳೆಬಿಸಿಲಲ್ಲಿ ಅಳತೆ

"ಏಳ್ಬೇಡ, ಅಲ್ಲೇ ಇರು," ಎಂದು ಚಿಕ್ಕವೆಂಕಟಮ್ಮ ಕಾಫಿ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಸೊಸೆಯ ಕಾಲಿನಿಂದ ಜಾರಿದ್ದ ರಗ್ಗನ್ನು ಎಳೆದು ಸರಿಮಾಡಿ ಹೋದರು.

ಅತ್ತೆಯ ಕೈಯಿಂದ ಹಾಸಿಗೆಗೇ ಕಾಫಿ ತರಿಸಿಕೊಳ್ಳುವುದು ಸುನಂದಳಿಗೆ ಮೊದಮೊದಲು ಮುಳ್ಳಿನ ಮೇಲೆ ಕೂತಂತೆ ಆಗುತ್ತಿತ್ತು. ಈಗ ನಾಚಿಕೆ ಕಳೆದಿರಲಿಲ್ಲವಾದರೂ ಅದರ ಜೊತೆಗೆ ಇನ್ನೊಂದು ಬಂದು ಸೇರಿಕೊಂಡಿತ್ತು. ಅದನ್ನು ಸುಖ ಎಂದು ಒಪ್ಪಿಕೊಳ್ಳಲು ಅವಳಿಗೆ ಹೆದರಿಕೆ. ಲೋಟವನ್ನು ಎರಡೂ ಅಂಗೈಯಲ್ಲಿ ಅಪ್ಪಿ ಹಿಡಿದು ಕಿಟಕಿಯಾಚೆ ನೋಡಿದಳು. ರೇಷ್ಮೆ ಸೊಪ್ಪಿನ ತೋಟ ಮಂಜಿನಲ್ಲಿ ಮುಳುಗಿತ್ತು. ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದ ಗಂಡ ಕದಿರೇಶ ಮೊದಲು ಬರೀ ನೆರಳಾಗಿ, ಆಮೇಲೆ ಮಫ್ಲರಾಗಿ, ಕೊನೆಗೆ ಮನುಷ್ಯನಾಗಿ ಕಾಣಿಸಿಕೊಂಡ. ಹಿತ್ತಲಲ್ಲಿ ಹಂಡೆ ಒಲೆಯ ಹೊಗೆ ಮೇಲೇಳಲಾರದೆ ಹೆಂಚಿನ ಮೇಲೇ ಮಲಗಿತ್ತು.

ಮಗಳು ಶಿವಾನಿಗೆ ಹಲ್ಲು ಬರುವ ಮೊದಲೇ ಸುನಂದ ಮಾಲೂರು ಕಡೆಯ ಗಾರ್ಮೆಂಟ್ಸಿಗೆ ಸೇರಿದ್ದಳು. ಸುಗಟೂರಿನ ಹೆಂಗಸರನ್ನು ತುಂಬಿಕೊಳ್ಳುವ ವ್ಯಾನು ಕತ್ತಲಿರುವಾಗಲೇ ಬರುತ್ತಿತ್ತು, ಕತ್ತಲಾದ ಮೇಲೆ ತಂದು ಬಿಡುತ್ತಿತ್ತು. ಓವರ್‌ಟೈಮಿಗೆ ಕರೆಯದ ಭಾನುವಾರ ಬಂದರೆ ಬಟ್ಟೆ ಒಗೆಯುವುದು, ರಾಗಿ ಬೀಸಿಸುವುದು, ನಿದ್ದೆ. ತನ್ನ ಮನೆಯ ಚಳಿಗಾಲದ ಬೆಳಗು ಹೀಗಿರುತ್ತದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಕಾರ್ತಿಕ ಕಳೆದ ಮೇಲೆ ಒಂದು ದಿನ ವ್ಯಾನಿನ ಇಬ್ಬನಿ ಹಿಡಿದ ಮೆಟ್ಟಿಲಿನಿಂದ ಜಾರಿ ಎಡಗಾಲಿನ ಗಿಣ್ಣು ಮುರಿಯಿತು. ಕೋಲಾರದ ಡಾಕ್ಟರು ಪ್ಲಾಸ್ಟರಿನ ಕಟ್ಟು ಹಾಕಿ, ಸಂಕ್ರಾಂತಿಯವರೆಗೆ ಕಾಲು ಊರಕೂಡದು ಎಂದುಬಿಟ್ಟರು.

ಮೊದಲ ವಾರ ಅವಳು ಮನೆಗೆ ಬಂದ ನೆಂಟಳಂತೆ ಇದ್ದಳು. ಶಿವಾನಿ ಎದ್ದ ಕೂಡಲೇ ಅಜ್ಜಿಯ ಬೆನ್ನಿಗೆ ಹೋಗಿ ಒರಗುತ್ತಿದ್ದಳು. ಪೆನ್ಸಿಲು ಬೇಕಾದರೂ ಅಜ್ಜಿ, ಹೊಟ್ಟೆ ನೋವಾದರೂ ಅಜ್ಜಿ. ಅಮ್ಮನ ಹತ್ತಿರ ಬಂದಾಗ ಮಾತ್ರ ಸ್ಕೂಲಿನ ಮೇಡಂ ಮುಂದೆ ನಿಂತವಳ ಹಾಗೆ ಕೈಕಟ್ಟಿ, "ಕಾಲು ನೋಯ್ತಾ ಐತಾಮ್ಮ?" ಎಂದು ಕೇಳಿ, ಇಲ್ಲ ಎಂದರೆ ಹೊರಟುಹೋಗುತ್ತಿದ್ದಳು. ತಪ್ಪು ಮಗುವಿನದಲ್ಲ ಎಂದು ಸುನಂದಳಿಗೆ ಗೊತ್ತಿತ್ತು. ಅತ್ತೆಯದೂ ಅಲ್ಲ. ಹಾಗಾಗಿ ಯಾರ ಮೇಲೂ ಸಿಟ್ಟಾಗಲು ಆಗದೆ, ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು.

ಒಂದು ಬೆಳಿಗ್ಗೆ ಏನನ್ನಿಸಿತೋ, ಮಂಚದ ಕೆಳಗಿನ ಟ್ರಂಕನ್ನು ಹೊರಗೆ ಜಗುಲಿಯ ಬಿಸಿಲಿಗೆ ತಂದಿಡಲು ಗಂಡನಿಗೆ ಹೇಳಿದಳು. ಬೀಗ ಹಾಕಿದ್ದ ಆ ಟ್ರಂಕಿನ ಬಗ್ಗೆ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ. ಸೊಸೆ ಬೈರಕೂರಿನ ತವರಿಗೆ ಏನೋ ಕೂಡಿಡುತ್ತಿದ್ದಾಳೆ ಎಂದು ಚಿಕ್ಕವೆಂಕಟಮ್ಮ ಒಳಗೊಳಗೇ ತೀರ್ಮಾನಿಸಿ, ಅವರವರ ಪಾಡು ಅವರವರಿಗೆ ಎಂದು ಸುಮ್ಮನಿದ್ದರು. ಅವರೆಕಾಯಿ ಸುಲಿಯುತ್ತಾ ಕೂತಿದ್ದವರು ಮುಚ್ಚಳ ತೆಗೆದಾಗ ಮಾತ್ರ ಕತ್ತು ಚಾಚದೆ ಇರಲಾಗಲಿಲ್ಲ.

ಒಳಗಿದ್ದದ್ದು ಬಟ್ಟೆ. ಹೊಲಿಯದ ಬಟ್ಟೆ, ತುಂಡು ತುಂಡು, ನಡುವೆ ಒಣಗಿದ ಬೇವಿನ ಸೊಪ್ಪು. ಕೂಸಿನ ಅಂಗಿಗಾಗುವಷ್ಟು ಎಳೆ ಹಳದಿಯ ತೆಳು ಮಲ್ಲು ಬಟ್ಟೆ. ಅದರ ಕೆಳಗೆ ಕುಂಕುಮದ ಬಣ್ಣದ ಮೇಲೆ ಗಿಣಿ ಮೂಡಿದ್ದ ಹತ್ತಿ ಬಟ್ಟೆ. ಮಾವಿನ ಚಿಗುರಿನ ಬಣ್ಣದ್ದು, ಬೆಳಕಿಗೆ ಹಿಡಿದರೆ ಬಣ್ಣ ಬದಲಾಯಿಸುತ್ತಿತ್ತು. ಮುಳಬಾಗಿಲಿನ ಅಂಗಡಿಯೊಂದರಲ್ಲಿ ಬಹಳ ಹೊತ್ತು ನಿಂತು ಕೊಂಡಿದ್ದ ನವಿಲುನೀಲಿ ರೇಷ್ಮೆ, ಸಾಸಿವೆ ಹೂವಿನ ಅಂಚು, ಮೈಮೇಲೆಲ್ಲ ಜೀರಿಗೆಯಷ್ಟು ಜರಿಯ ಚುಕ್ಕಿ. ಸುನಂದ ಒಂದೊಂದನ್ನೇ ಬಿಡಿಸಿ ತೊಡೆಯ ಮೇಲೆ ಹರಡಿದಳು. ಎಳೆಬಿಸಿಲು ಬಟ್ಟೆಯೊಳಗೆ ಇಳಿದು ಬಣ್ಣಗಳೇ ಬೆಚ್ಚಗಾದವು.

ಚಿಕ್ಕವೆಂಕಟಮ್ಮ ಸೆರಗಿಗೆ ಕೈ ಒರೆಸಿಕೊಂಡು ರೇಷ್ಮೆ ಮುಟ್ಟಿದರು. ಬೆರಳಿನ ಸೀಳಿಗೆ ಎಳೆ ಸಿಕ್ಕಿಕೊಂಡಿತು. ಅಂಜಿ ಕೈ ಹಿಂದಕ್ಕೆ ಎಳೆದುಕೊಂಡರು. "ಹುಳ ಸಾಕೋ ಕೈಗೆ ಬಟ್ಟೆ ಮುಟ್ಟಾಕೆ ಬರಲ್ಲ ನೋಡು," ಎಂದು ನಕ್ಕು, ಕೂಸಿನ ಹಳದಿ ತುಂಡಿನ ಕಡೆ ನೋಡಿ ಕೇಳಿದರು: "ಮಗೀಗೆ ಅಂತಾನೇ ತಂದಿದ್ದಲ್ವಾ ಇವೆಲ್ಲ? ಯಾಕೆ ಹೊಲಿಸ್ಲಿಲ್ಲ?"

"ನಾನೇ ಹೊಲೀಬೇಕು ಅಂತಿತ್ತು ಅತ್ತೆ."

ಅದು ಹೇಗೆ ಆಗದೆ ಉಳಿಯಿತೆಂದು ಅವಳು ವಿವರಿಸಲಿಲ್ಲ. ಫ್ಯಾಕ್ಟರಿಯಲ್ಲಿ ಅವಳು ಹೊಲಿಯುತ್ತಿದ್ದದ್ದು ಕಾಲರು ಮಾತ್ರ. ತೋಳಿಲ್ಲದ ಅಂಗಿಗಳು ಬಲಗಡೆಯಿಂದ ಬಂದು, ಕಾಲರು ಹಾಕಿಸಿಕೊಂಡು, ತೋಳಿಲ್ಲದೆಯೇ ಎಡಗಡೆಗೆ ಹೋಗುತ್ತಿದ್ದವು. ಒಂದು ಅಂಗಿ ಪೂರ್ತಿಯಾಗುವುದನ್ನು ಅವಳು ಕಂಡಿದ್ದೇ ಇಲ್ಲ. ಹಬ್ಬದ ಹಿಂದುಮುಂದು ಕೋಲಾರದ ಪೇಟೆಗೋ ಮುಳಬಾಗಿಲಿಗೋ ಹೋದಾಗ ಬಟ್ಟೆಯೊಂದು ಕಣ್ಣಿಗೆ ಬಿದ್ದರೆ, ಇದನ್ನು ಮಾತ್ರ ಮೊದಲಿಂದ ಕೊನೆಯವರೆಗೆ ನಾನೇ ಹೊಲಿಯುತ್ತೇನೆ ಎಂದುಕೊಂಡು ತಂದು ಟ್ರಂಕಿಗಿಡುತ್ತಿದ್ದಳು.

ತವರಿನವರು ಕೊಟ್ಟಿದ್ದ ಹೊಲಿಗೆ ಮಿಷನ್ನಿಗೆ ಕದಿರೇಶ ಎಣ್ಣೆ ಬಿಟ್ಟುಕೊಟ್ಟ. ಒಂದೇ ಕಾಲಲ್ಲಿ ತುಳಿಯಲು ನೋಡಿದರೆ ಚಕ್ರ ಹಿಂದಕ್ಕೆ ತಿರುಗಿ ದಾರ ಕಿತ್ತುಹೋಯಿತು. ಅವಳು ಸೂಜಿ ಪೋಣಿಸಿ, ಮತ್ತೆ ಕಿತ್ತು, ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿರುವಾಗ ಚಿಕ್ಕವೆಂಕಟಮ್ಮ ಸ್ಟೂಲು ಎಳೆದುಕೊಂಡು ಬಲಗಡೆ ಬಂದು ಕೂತರು. ಬೆಲ್ಟು ಕಳಚಿಸಿ, ಮಿಷನ್ನಿನ ಮೇಲಿನ ಚಕ್ರಕ್ಕೆ ಕೈಯಿಟ್ಟರು.

"ನೀನು ಬಟ್ಟೆ ನೋಡ್ಕೋ. ನಾನು ತಿರುಗಿಸ್ತೀನಿ. ರಾಗಿ ಕಲ್ಲು ಬೀಸಿದ ಕೈ ಇದು."

ಆಮೇಲಿನ ಬೆಳಗುಗಳು ಒಂದಕ್ಕೊಂದು ಸೇರಿ ಒಂದೇ ಬೆಳಗಾದವು. ಶಿವಾನಿ ಸ್ಕೂಲಿಗೆ ಹೋಗುತ್ತಲೇ ಹುಳುಗಳಿಗೆ ಸೊಪ್ಪು ಹಾಕಿ ಅತ್ತೆ ಬರುತ್ತಿದ್ದರು. ಪಕ್ಕದಲ್ಲಿ ಕೆಂಡದ ಬಾಂಡ್ಲಿ, ಅದರ ಅಂಚಿನಲ್ಲಿ ಸುಡುತ್ತಿದ್ದ ಗೆಣಸು. ಮೊದಲು ಚಕ್ರ ಓಡುವಾಗ ಬಟ್ಟೆ ನಿಲ್ಲುತ್ತಿತ್ತು, ಬಟ್ಟೆ ಓಡುವಾಗ ಚಕ್ರ ನಿಲ್ಲುತ್ತಿತ್ತು. ಬರಬರುತ್ತ ಸುನಂದಳ ಉಸಿರು ನೋಡಿಯೇ ಅತ್ತೆಗೆ ಎಲ್ಲಿ ಮೆತ್ತಗೆ, ಎಲ್ಲಿ ಜೋರು ಎಂದು ತಿಳಿಯತೊಡಗಿತು. ಮಾತು ಬಂದರೆ ಆಡುತ್ತಿದ್ದರು. ಅತ್ತೆ ತೆಲುಗಿನ ಹಾಡೊಂದನ್ನು ಅರ್ಧ ಗುನುಗಿ ಅರ್ಧಕ್ಕೆ ಬಿಡುತ್ತಿದ್ದರು. ಸೂಜಿಯ ಕೆಳಗಿಂದ ನವಿಲುನೀಲಿ ಹೊಳೆಯ ನೀರಿನ ಹಾಗೆ ಹರಿದು ಬರುತ್ತಿತ್ತು. ಅದನ್ನು ಅಂಗೈಯಿಂದ ನೇವರಿಸಿ ಮುಂದಕ್ಕೆ ಕಳಿಸುವಾಗ ಸುನಂದಳಿಗೆ ಮುರಿದ ಕಾಲಿನ ನೆನಪೂ ಇರುತ್ತಿರಲಿಲ್ಲ. ಬೆನ್ನಿನ ಮೇಲೆ ಬಿಸಿಲು, ಬೆರಳಿನ ಕೆಳಗೆ ರೇಷ್ಮೆ. ಮಧ್ಯಾಹ್ನದ ಹೊತ್ತಿಗೆ ಎಚ್ಚರವಿದ್ದೂ ಕನಸು ಬಿದ್ದವಳಂತಿರುತ್ತಿದ್ದಳು.

ಹೊಲಿಯುತ್ತಿರುವುದು ಶಿವಾನಿಗೆ ತಿಳಿಯಬಾರದು, ಸಂಕ್ರಾಂತಿಗೆ ಕೊಡಬೇಕು ಎಂದು ಮಾತಾಗಿತ್ತು. ಅದಕ್ಕೇ ಅಳತೆ ತೆಗೆದಿರಲಿಲ್ಲ. ತನ್ನ ಮಗಳಲ್ಲವೇ, ಕಣ್ಣಳತೆ ಸಾಕು ಎಂದು ಸುನಂದ ಧೈರ್ಯವಾಗಿ ಕತ್ತರಿ ಹಾಕಿದ್ದಳು.

ಲಂಗ, ಜಾಕೀಟು ಎರಡೂ ಮುಗಿದ ಸಂಜೆ ಅವಳಿಗೆ ತಡೆಯಲಾಗಲಿಲ್ಲ. ಹಬ್ಬದವರೆಗೂ ಕಾಯದೆ ಮಗಳನ್ನು ಕರೆದು ಎರಡನ್ನೂ ಅವಳ ಕೈಗಿಟ್ಟಳು. ಶಿವಾನಿಯ ಬಾಯಿ ತೆರೆದುಕೊಂಡಿತು. ಒಳಗೆ ಓಡಿ ಹಾಕಿಕೊಂಡು ಬರಲು ತುಂಬಾ ಹೊತ್ತು ಹಿಡಿಯಿತು. ಬಾಗಿಲಲ್ಲಿ ನಿಂತಳು. ಲಂಗ ಮೀನಖಂಡದ ಹತ್ತಿರವೇ ನಿಂತುಹೋಗಿತ್ತು. ಜಾಕೀಟಿನ ತೋಳು ಬಿಗಿದು, ಬೆನ್ನಿನ ಹುಕ್ಕುಗಳು ಮುಟ್ಟದೆ, ಹುಡುಗಿ ಭುಜ ಕುಗ್ಗಿಸಿ ನಿಂತಿದ್ದಳು.

"ಚೆನ್ನಾಗೈತಮ್ಮ. ಉಸಿರು ಬಿಗಿ ಹಿಡ್ಕೊಂಡ್ರೆ ಸರಿಯಾಗಿ ಕೂತ್ಕೊಳ್ತದೆ," ಎಂದಳು.

ಸುನಂದ ನಕ್ಕಳು. ನಗು ಮುಖದ ಮೇಲೆ ಹಾಗೇ ಅಂಟಿಕೊಂಡು ಉಳಿಯಿತು. ಬಟ್ಟೆ ಹಾಳಾದದ್ದಕ್ಕಲ್ಲ ಅವಳಿಗೆ ಸಂಕಟವಾದದ್ದು. ಅವಳ ಕಣ್ಣಿನಲ್ಲಿದ್ದ ಹುಡುಗಿ ಈ ಹುಡುಗಿಗಿಂತ ಚಿಕ್ಕವಳು, ಎಂದೋ ಒಂದು ದಿನ ನೋಡಿ ನೆನಪಿನಲ್ಲಿಟ್ಟುಕೊಂಡವಳು. ಅದಕ್ಕಿಂತಲೂ ಚುಚ್ಚಿದ್ದು ಮಗಳ ಆ ಮಾತು. ಊರವರ ಮನೆಯಲ್ಲಿ ಊಟ ರುಚಿಸದಿದ್ದರೂ ಚೆನ್ನಾಗಿದೆ ಎನ್ನುತ್ತಾರಲ್ಲ, ಹಾಗಿತ್ತು.

ಮರುದಿನ ಅವಳು ಜಗುಲಿಗೆ ಬರಲಿಲ್ಲ. ಕಾಫಿ ಆರಿ ಕೆನೆ ಕಟ್ಟಿತು. ಚಿಕ್ಕವೆಂಕಟಮ್ಮ ಬಂದು ಮಂಚದ ಅಂಚಿನಲ್ಲಿ ಕೂತರು.

"ನೀನು ಕತ್ರಿಸೋವಾಗ್ಲೇ ನಂಗೆ ಗೊತ್ತಾಯ್ತು," ಎಂದರು ನೆಲ ನೋಡುತ್ತಾ. "ಸಾಲಲ್ಲ ಅಂತ ಹೇಳೋಣ ಅಂದ್ಕೊಂಡೆ. ನಿನ್ನ ಮಖ ನೋಡ್ದೆ. ಬಾಯಿ ಬರ್ಲಿಲ್ಲ."

ಸುನಂದ ಗೋಡೆ ಕಡೆ ತಿರುಗಿದಳು.

"ಮಗು ನಂಗೆ ಅಂಟ್ಕೊಂಡೈತೆ ಅಂತ ನಿಂಗೆ ಸಂಕಟ. ನಂಗೊತ್ತಿಲ್ವಾ? ನಾನೂ ಹೆತ್ತೋಳೇ." ಮುದುಕಿ ಎದ್ದು ನಿಂತರು. "ಇವತ್ತು ಭಾನುವಾರ. ನಾನು ಸೊಪ್ಪಿಗೆ ಹೋಗ್ತೀನಿ. ಮಧ್ಯಾಹ್ನದ ತನಕ ಬರಲ್ಲ. ಟೇಪು ತಗೊಂಡು ಹೊರ‍್ಗೆ ಕೂತ್ಕೋ."

ಬಿಸಿಲು ಆಗ ತಾನೇ ಜಗುಲಿ ಮುಟ್ಟಿತ್ತು. ಸುನಂದ ಗೋಡೆಗೆ ಒರಗಿ, ಕಟ್ಟು ಹಾಕಿದ ಕಾಲು ಚಾಚಿ ಕೂತಳು. ಶಿವಾನಿ ಎದುರಿಗೆ ಬಂದು ಅಟೆನ್ಷನ್ನಿನಲ್ಲಿ ನಿಂತಳು. ಟೇಪು ಭುಜದ ಮೇಲೆ ಹರಿಯಿತು. ಎಡ ಭುಜ ಬಲಕ್ಕಿಂತ ಒಂದು ಕಾಳಿನಷ್ಟು ಇಳಿದಿತ್ತು. ಪುಸ್ತಕದ ಚೀಲ ಆ ಕಡೆಗೇ ಹಾಕಿಕೊಳ್ಳುವುದಂತೆ. ಕಂಕುಳಿಗೆ ಕೈ ಹೋದಾಗ ಹುಡುಗಿ ಕಚಗುಳಿಗೆ ಬಳುಕಿ ಕಿಲಕಿಲನೆ ನಕ್ಕಳು. ಮೊಣಕೈ ಹತ್ತಿರ ಎಲೆಯ ಆಕಾರದ ಒಂದು ಬಿಳಿ ಗಾಯದ ಗುರುತಿತ್ತು. ಸುನಂದ ಅದನ್ನು ಕಂಡೇ ಇರಲಿಲ್ಲ.

"ಇದ್ಯಾವಾಗ ಆಯ್ತೇ?"

ಹುಣಸೆ ಮರದಿಂದ ಬಿದ್ದದ್ದನ್ನು ಶಿವಾನಿ ಹೇಳತೊಡಗಿದಳು. ರಕ್ತ ಬಂದದ್ದು, ಅಜ್ಜಿ ಅರಿಶಿನ ಮೆತ್ತಿದ್ದು, ಅಮ್ಮನಿಗೆ ಹೇಳಬೇಕೆಂದು ಎಚ್ಚರವಿರಲು ನೋಡಿ ನಿದ್ದೆ ಹೋದದ್ದು. ಅದರಿಂದ ಮರದ ಕತೆಗೆ, ಮರದಿಂದ ಜೊತೆಗಿದ್ದ ಗೆಳತಿಯ ಕತೆಗೆ ಹೋದಳು. ಅಳತೆ ಎಂದೋ ಮುಗಿದಿತ್ತು. ಸುನಂದ ಮಣಿಕಟ್ಟನ್ನು ಮತ್ತೆ ಅಳೆದಳು, ಬೆನ್ನನ್ನು ಮತ್ತೊಮ್ಮೆ. ಮಾತಿನ ಭರದಲ್ಲಿ ಹುಡುಗಿ ಯಾವಾಗಲೋ ಅಟೆನ್ಷನ್ನು ಮರೆತು ಅವಳ ತೊಡೆಗೆ ಮೊಣಕಾಲೂರಿದ್ದಳು.

ಯಾವ ಬಟ್ಟೆ ಬೇಕೋ ನೀನೇ ಆರಿಸು ಎಂದಾಗ ಶಿವಾನಿ ಟ್ರಂಕಿನೊಳಗೆ ಭುಜದವರೆಗೂ ಕೈ ಹಾಕಿ ಕೆದಕಿದಳು. ಗಿಣಿಯನ್ನೂ ಮಾವಿನ ಚಿಗುರನ್ನೂ ದಾಟಿ ತಳದಿಂದ ಒಂದನ್ನು ಎಳೆದು ಕೆನ್ನೆಗೆ ಒತ್ತಿಕೊಂಡಳು. ಬೂದಿ ಬಣ್ಣದ ಮೆತ್ತನೆಯ ದಪ್ಪ ಹತ್ತಿ ಬಟ್ಟೆ, ಮೇಲೆ ಅಕ್ಕಿ ನುಚ್ಚು ಚೆಲ್ಲಿದಂತೆ ಬಿಳಿ ಹೂ.

"ಇದ್ಯಾರ‍್ದು?"

"ಅದು ನಂಗೆ ಅಂತ ತಂದಿದ್ದು ಕಣೇ."

"ಹಂಗಾದ್ರೆ ಇದೇ ಬೇಕು."

ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು ಮುಗಿಸುವ ಹೊತ್ತಿಗೆ ಫ್ಯಾಕ್ಟರಿಯಿಂದ ಫೋನು ಬಂತು. ಹಬ್ಬ ಕಳೆದು ಕಟ್ಟು ಬಿಚ್ಚಿದ ಮೇಲೆ ಬರುತ್ತೀಯೋ ಇಲ್ಲವೋ ಎಂದು ಸೂಪರ್‌ವೈಸರು ಕೇಳಿದಳು. ಬರುತ್ತೇನೆ ಎಂದಳು ಸುನಂದ. ಬರದೆ ಇರುವ ಹಾಗಿರಲಿಲ್ಲ. ಆದರೆ ಇನ್ನು ಮೇಲೆ ಭಾನುವಾರ ಓವರ್‌ಟೈಮಿಗೆ ಕರೆಯಬೇಡಿ, ಮನೆಯಲ್ಲಿ ಹೊಲಿಗೆ ಇದೆ ಎಂದಳು. ಆ ಕಡೆಯವಳು ಇದೇನು ಹೊಸದು ಎಂದು ಗೊಣಗಿ ಫೋನಿಟ್ಟಳು.

ತಿರುಗಿ ನೋಡಿದರೆ ಶಿವಾನಿ ಬಿಡಿಸಿ ಹಾಸಿದ್ದ ಆ ಬಟ್ಟೆಯ ಮೇಲೆಯೇ, ಮೊಣಕಾಲು ಎದೆಗೆ ಸೇರಿಸಿಕೊಂಡು ನಿದ್ದೆ ಹೋಗಿದ್ದಳು. ತೋಟದ ಮಂಜು ಪೂರ್ತಿ ಕರಗಿತ್ತು. ಸೊಪ್ಪಿನ ಹೊರೆ ಇಳಿಸಿ ಬಂದ ಚಿಕ್ಕವೆಂಕಟಮ್ಮ ಮಲಗಿದವಳನ್ನು ನೋಡಿ, ಸದ್ದಾಗದಂತೆ ಸ್ಟೂಲಿನ ಮೇಲೆ ಕೂತರು. ಕತ್ತರಿಸಲು ಎಳೆದ ಸೀಮೆಸುಣ್ಣದ ಗೆರೆ ಮಗಳ ಕೆನ್ನೆಯ ಕೆಳಗೆ ಹೋಗಿ ಆಚೆ ಬಂದಿತ್ತು. ಸುನಂದ ಕತ್ತರಿಯನ್ನು ಪಕ್ಕಕ್ಕಿಟ್ಟು, ಬಟ್ಟೆಯ ಉಳಿದ ಅಂಚನ್ನು ಎಳೆದು ಮಗಳ ಪಾದಗಳ ಮೇಲೆ ಹೊದಿಸಿದಳು. ಬಿಸಿಲು ಜಗುಲಿಯ ಅಂಚಿನ ಕಡೆಗೆ ನಿಧಾನವಾಗಿ ಸರಿಯುತ್ತಿತ್ತು.