ಹದಿನಾಲ್ಕನೇ ಕಾಲಂ

ಒಂದು ಕಾಲಂ ಖಾಲಿ ಬಿಟ್ಟರೂ ಅರ್ಜಿ ವಾಪಸು ಬರುತ್ತದೆ. ದೊಡ್ಡ ಕಚೇರಿಯ ಎದುರಿನ ಫುಟ್‌ಪಾತಿನಲ್ಲಿ ಮೇಜು ಹಾಕಿಕೊಂಡು ಹನ್ನೆರಡು ವರ್ಷದಿಂದ ಊರವರ ಅರ್ಜಿ ತುಂಬಿಕೊಡುತ್ತಿರುವ ನನಗೆ ಇಷ್ಟಾದರೂ ಗೊತ್ತಿದೆ. 'ಇಲ್ಲ' ಎಂದು ಬರೆದರೂ ವಾಪಸು, ಅಡ್ಡಗೆರೆ ಎಳೆದರೂ ವಾಪಸು. ತೀರಿಕೊಂಡ ಗಂಡನ ಫೋನ್ ನಂಬರ್ ಕೇಳಿದ್ದರೆ ಹೆಂಡತಿಯದನ್ನೇ ಬರೆಯುತ್ತೇನೆ. ಒಂದು ವರ್ಷದ ಮಗುವಿನ ಉದ್ಯೋಗ ಕೇಳಿದಾಗ 'ಆಟ' ಎಂದು ಬರೆದೆ, ಅದೂ ಪಾಸಾಯಿತು. ನನ್ನ ಕೈಯಲ್ಲಿ ಬರೆಸಿದ ಅರ್ಜಿ ವಾಪಸು ಬರುವುದಿಲ್ಲ ಎಂದೇ ನನ್ನ ಮೇಜಿನ ಮುಂದೆ ಸಾಲು ಬೆಳೆಯುತ್ತದೆ.

ಹಾಗಾಗಿ ತಮ್ಮನ ಅರ್ಜಿಯನ್ನೂ ನಾನೇ ತುಂಬಿದೆ. ಅವನಿಗೆ ಹೇಳದೆ.

ತಮ್ಮ ಲಿಫ್ಟ್ ರಿಪೇರಿ ಮಾಡುವವನು. ಸಂಜೆ ಬಂದು ಕೈಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಊಟ ಮುಗಿಸಿ, ಬ್ಲಾಗ್ ಬರೆಯಲು ಕೂರುತ್ತಾನೆ. ಬ್ಲಾಗಿನ ಹೆಸರು 'ಬಾಗಿಲಿಗೆ ಒರಗಿ ನಿಲ್ಲಬೇಡಿ'. ಮೊದಮೊದಲು ಸರ್ಕಾರಿ ಕಟ್ಟಡಗಳ ಕೆಟ್ಟ ಲಿಫ್ಟುಗಳನ್ನು ಗೇಲಿ ಮಾಡುತ್ತಿದ್ದ. ಎರಡು ತಿಂಗಳ ಹಿಂದೆ ಹಳೇ ಟ್ಯಾಂಕ್ ಬೀದಿಯ ಕುಡಿಯುವ ನೀರಿಗೆ ಕೈ ಹಾಕಿದ. ಆ ಬೀದಿಯಲ್ಲಿ ಕಾಮಾಲೆ ಹಬ್ಬಿದೆ, ನೀರು ಚೆನ್ನಾಗಿದೆ ಎಂದು ಇಲಾಖೆ ಸುಳ್ಳು ಹೇಳುತ್ತಿದೆ ಎಂದು ಬಾಗಿಲ ನಂಬರ್ ಸಮೇತ ಬರೆದ. ದಿನಕ್ಕೆ ಆರೇಳು ಸಾವಿರ ಜನ ಓದತೊಡಗಿದರು. ಬರೆಯುವವನು ಯಾರೆಂದು ಮಾತ್ರ ನನ್ನೊಬ್ಬಳನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಹೊಸ ಕಾಯಿದೆ ಬಂತು. ಸರ್ಕಾರದ ಬಗ್ಗೆ ಅಂತರ್ಜಾಲದಲ್ಲಿ ಬರೆಯುವವರು, ದಿನಕ್ಕೆ ಐನೂರಕ್ಕಿಂತ ಹೆಚ್ಚು ಓದುಗರಿದ್ದರೆ, ಮೂವತ್ತು ದಿನದೊಳಗೆ ಹೆಸರು ನೋಂದಾಯಿಸಬೇಕು. ತಪ್ಪಿದರೆ ಮೂರು ವರ್ಷ ಜೈಲು. ನೋಟೀಸನ್ನು ನನ್ನ ಮೇಜಿನ ಹಿಂದಿನ ಗೋಡೆಗೇ ಅಂಟಿಸಿದ್ದರು. ದಿನಾ ಅದಕ್ಕೆ ಬೆನ್ನು ಕೊಟ್ಟು ಕೂತು ನನ್ನ ಬೆನ್ನೇ ಸುಟ್ಟಂತಾಗುತ್ತಿತ್ತು. ತಮ್ಮನನ್ನು ಕೇಳಿದರೆ "ನೋಡೋಣ ಬಿಡಕ್ಕ" ಎನ್ನುತ್ತಿದ್ದ. ಮೂವತ್ತನೇ ದಿನವೂ ಹಾಗೇ ಅಂದ. ಮನೆಯವರು ಯಾರಾದರೂ ಅರ್ಜಿ ಕೊಡಬಹುದು ಎಂದು ಕಾಯಿದೆಯಲ್ಲೇ ಇತ್ತು. ನಾನು ಕೊಟ್ಟೆ.

ಹದಿಮೂರು ಕಾಲಂ ಸಲೀಸಾಗಿ ಹೋದವು. ಹದಿನಾಲ್ಕನೆಯದು: 'ಬರಹಕ್ಕೆ ಮಾಹಿತಿ ಒದಗಿಸಿದವರ ಹೆಸರು, ಉದ್ಯೋಗ, ವಿಳಾಸ.' ಪೆನ್ನು ಅರ್ಧ ನಿಮಿಷ ನಿಂತಿತು, ಅಷ್ಟೇ. ಆಮೇಲೆ ಸೀಸೆಯ ಹೆಸರು ಬರೆದೆ. ಸೀಸೆ ನನ್ನ ಜೊತೆ ಶಾಲೆಗೆ ಬಂದವಳು. ಈಗ ನೀರು ಪರೀಕ್ಷೆ ಮಾಡುವ ಇಲಾಖೆಯ ಪ್ರಯೋಗಾಲಯದಲ್ಲಿ ಕೆಲಸ; ಚೀಲದಲ್ಲಿ ಯಾವಾಗಲೂ ಖಾಲಿ ಸೀಸೆಗಳ ಸದ್ದು, ಅದಕ್ಕೇ ಆ ಅಡ್ಡಹೆಸರು. ಭಾನುವಾರ ನಮ್ಮ ಮನೆಗೆ ಬಂದು ತಮ್ಮನ ಜೊತೆ ಗಂಟೆಗಟ್ಟಲೆ ಹರಟುತ್ತಾಳೆ. ನೀರಿನ ಸಂಗತಿ ಅವಳಲ್ಲದೆ ಇನ್ಯಾರು ಹೇಳಿಯಾರು? ಮನೆ ನಂಬರನ್ನೂ ತಪ್ಪಿಲ್ಲದೆ ಬರೆದೆ. ಅದೊಂದು ಕಾಲಂ ಎಂಬುದಷ್ಟೇ ನನ್ನ ತಲೆಯಲ್ಲಿತ್ತು, ಅದರೊಳಗೆ ಒಂದು ಜೀವ ಇದೆ ಎಂದು ಹೊಳೆಯಲೇ ಇಲ್ಲ.

ಆ ಸಂಜೆ ಊಟಕ್ಕೆ ಕೂತಾಗ ಸ್ವೀಕೃತಿ ಚೀಟಿಯನ್ನು ತಮ್ಮನ ತಟ್ಟೆಯ ಪಕ್ಕ ಇಟ್ಟೆ.

"ತಗೋ. ನೀನು ಮಲಗಿದ್ದೆ, ನಿನ್ನ ಕೆಲಸ ಅಕ್ಕ ಮಾಡಿ ಬಂದಳು."

ಅವನು ಓದಿದ. ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ, ತಟ್ಟೆಗೂ ಇಳಿಯಲಿಲ್ಲ.

"ಹದಿನಾಲ್ಕನೇ ಕಾಲಂ ಏನ್ ಮಾಡ್ದೆ?"

"ತುಂಬಿದೀನಿ. ಬಿಡ್ತೀನಾ?"

"ಏನಂತ ತುಂಬಿದೀಯಾ ಅಕ್ಕ?"

"ಸೀಸೆ ಹೆಸರು."

ಅವನು ಎದ್ದು ನಿಂತ, ಮತ್ತೆ ಕೂತ. "ಅವಳು ನಂಗೆ ಒಂದಕ್ಷರ ಹೇಳಿಲ್ಲ ಕಣೇ! ನೀರಿನ ಮಾತೆತ್ತಿದ್ರೆ, ಭಾನುವಾರಾನೂ ಆಫೀಸಾ, ಬಾಯ್ಮುಚ್ಚೋ ಅಂತಾಳೆ. ನಾನು ಬರೀತೀನಿ ಅನ್ನೋದೇ ಅವಳಿಗೆ ಗೊತ್ತಿಲ್ಲ!"

"ಮತ್ತೆ ಯಾರು ಹೇಳಿದ್ದು?"

ಅವನು ಚೀಟಿಯನ್ನು ಮಡಚತೊಡಗಿದ.

"ಬಾಯಲ್ಲೇನು ಇಟ್ಕೊಂಡಿದೀಯಾ? ಹೆಸರು ಹೇಳು, ನಾಳೆ ಬೆಳಿಗ್ಗೆನೇ ತಿದ್ದಿಸಿ ಬರ್ತೀನಿ."

"ಹೇಳಲ್ಲ."

"ಅವಳು ನನ್ನ ಗೆಳತಿ ಕಣೋ!"

"ಹೇಳಲ್ಲ ಅಂದ್ನಲ್ಲ." ತಟ್ಟೆ ಅಲ್ಲೇ ಬಿಟ್ಟು ಹೋಗಿ ಬಾಗಿಲು ಹಾಕಿಕೊಂಡ. ಸೀಸೆಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಅವಳ ಫೋನಿನ ಬ್ಯಾಟರಿ ಸತ್ತು ಆರು ತಿಂಗಳಾಗಿತ್ತು. ಚಾರ್ಜಿಗೆ ಹಾಕಿದಷ್ಟು ಹೊತ್ತು ಮಾತ್ರ ಅದಕ್ಕೆ ಜೀವ.

ಬೆಳಿಗ್ಗೆ ಕಚೇರಿ ಬಾಗಿಲು ತೆಗೆಯುವ ಮೊದಲೇ ಕೌಂಟರಿನ ಮುಂದೆ ನಿಂತಿದ್ದೆ. ಅಲ್ಲಿ ಕೂರುವ ಗುಮಾಸ್ತನನ್ನು ಫುಟ್‌ಪಾತಿನವರೆಲ್ಲ ವಾಪಸಪ್ಪ ಎನ್ನುತ್ತೇವೆ. ಅವನು ಆವತ್ತು ನನ್ನನ್ನು ನೋಡಿ ಮುಖ ಅರಳಿಸಿದ. ಹನ್ನೆರಡು ವರ್ಷದಲ್ಲಿ ಅದೇ ಮೊದಲು.

"ಬನ್ನಿ ಬನ್ನಿ, ಅಕ್ಕಾವ್ರೇ! ಇಡೀ ಊರಿಗೆ ಬಂದಿದ್ದು ಒಂದೇ ಅರ್ಜಿ. ನಿಮ್ಮದು. ಸಾಹೇಬ್ರು ಕುರ್ಚಿಯಿಂದ ಎದ್ದು ಬಂದು ನೋಡಿದ್ರು."

"ಒಂದೇನಾ? ಮೂವತ್ತು ದಿನಕ್ಕೆ?"

"ಒಂದೇ. ಮಿಕ್ಕವರೆಲ್ಲ ಅಂಗಡಿ ಮುಚ್ಕೊಂಡ್ರು, ಇಲ್ಲಾ ಬಿಲ ಸೇರ್ಕೊಂಡ್ರು. ಅಷ್ಟು ಚೆಂದಾಗಿ ತುಂಬಿದೀರಿ, ಎಲ್ಲಾ ಅಕ್ಷರ ಮುತ್ತು!"

ಊರಿಗೆ ಊರೇ ಸುಮ್ಮನಿದ್ದಾಗ, ನಾನು ನನ್ನ ಸ್ವಂತ ತಮ್ಮನನ್ನು ಕೈಹಿಡಿದು ಕರೆತಂದು ಒಪ್ಪಿಸಿದ್ದೆ.

"ಹದಿನಾಲ್ಕನೇದು ತಪ್ಪಾಗಿದೆ. ಹೊಡೆದು ಹಾಕಿ."

"ಹೊಡೆದು ಹಾಕಿದ್ರೆ ಖಾಲಿ ಆಗಲ್ವಾ?" ಏನೂ ತಿಳಿಯದವರು ಆಡುವಂಥ ಮಾತನ್ನು ನಾನು ಆಡಿದೆನೆಂದು ಅವನಿಗೆ ಬೇಸರವಾದಂತಿತ್ತು. "ತಿದ್ದುಪಡಿ ಅಂದ್ರೆ ಒಂದು ಹೆಸರು ತೆಗೆದು ಇನ್ನೊಂದು ಹಾಕೋದು. ಅವರಿಗೆ ಆ ಮಾಹಿತಿ ಹೇಗೆ ಸಿಕ್ತು ಅಂತ ವಿವರ ಬರೀಬೇಕು. ಅದು ಬಂದ್ರೆ ಹಳೇ ಹೆಸರಿನವರನ್ನ ಬಿಟ್ಟು ಕಳಿಸ್ತಾರೆ."

"ಬಿಟ್ಟು ಕಳಿಸ್ತಾರೆ ಅಂದ್ರೆ?"

"ಆರೂವರೆಗೇ ಕರ್ಕೊಂಡು ಬಂದಿದಾರಲ್ಲ, ಮೇಲ್ಗಡೆ ಇದಾರೆ. ನಿಮ್ಮ ತಮ್ಮನ ಬಗ್ಗೆ ಚಿಂತೆ ಬೇಡಿ, ಅವರದ್ದು ನೋಂದಣಿ ಆಯ್ತು, ಸೇಫು. ಮಾಹಿತಿ ಕೊಟ್ಟವರಿಗೆ ಬೇರೆ ಕಾಯಿದೆ. ಏಳು ವರ್ಷದ್ದು."

ತಿದ್ದುಪಡಿ ಅರ್ಜಿಯನ್ನು ಅವನೇ ತೆಗೆದುಕೊಟ್ಟ. ಹೊರಗೆ ಬಂದು ನನ್ನ ಮೇಜಿನ ಹಿಂದೆ ಕೂತೆ. ಆಗಲೇ ನಾಲ್ಕು ಜನ ಸಾಲಿನಲ್ಲಿದ್ದರು. ತಮ್ಮನಿಗೆ ಫೋನ್ ಹಚ್ಚಿದೆ. ಅವನು ಯಾವುದೋ ಕಟ್ಟಡದ ಲಿಫ್ಟಿನ ಕೆಳಗಿನ ಗುಂಡಿಯೊಳಗಿದ್ದ. ದನಿ ಬಾವಿಯಿಂದ ಬಂದಂತಿತ್ತು.

"ಅವಳನ್ನ ಎಳ್ಕೊಂಡು ಬಂದಿದಾರೋ. ಏಳು ವರ್ಷ ಅಂತೆ. ಈಗಲಾದ್ರೂ ಹೇಳು. ನಿನ್ನ ಕಾಲಿಗೆ ಬೀಳ್ತೀನಿ."

ಅವನು ಸ್ಪ್ಯಾನರ್ ಕೆಳಗಿಟ್ಟ ಸದ್ದು ಕೇಳಿತು.

"ನೀನೇ ಕಣೇ," ಅಂದ.

"ನಾನು ಏನು?"

"ನೀನೇ ಹೇಳಿದ್ದು. ದಿನಾ ಊಟಕ್ಕೆ ಕೂತಾಗ. ಇವತ್ತೂ ಟ್ಯಾಂಕ್ ಬೀದಿಯವರೇ ಆರು ಜನ, ಎಲ್ಲರದ್ದೂ ಆಸ್ಪತ್ರೆ ನೆರವಿನ ಅರ್ಜಿ, ಕಾಯಿಲೆ ಕಾಲಮ್ಮಲ್ಲಿ ಕಾಮಾಲೆ ಕಾಮಾಲೆ ಅಂತ ಬರೆದೂ ಬರೆದೂ ಕೈ ಬಿದ್ದೋಯ್ತು ಅಂತಿರಲಿಲ್ವಾ? ಬಾಗಿಲ ನಂಬರೂ ನಿಂಗೆ ಬಾಯಿಪಾಠ. ನೀನು ಹೇಳ್ತಿದ್ದೆ, ನಾನು ಎದ್ದು ಹೋಗಿ ಬರ್ಕೊಳ್ತಿದ್ದೆ. ನೋಂದಣಿಗೆ ಹೋಗದೆ ಕೂತಿದ್ದು ಯಾಕೆ ಅನ್ಕೊಂಡೆ? ಆ ಕಾಲಮ್ಮಲ್ಲಿ ಯಾರ ಹೆಸರು ಬರೀಬೇಕಿತ್ತು ನಾನು?"

ನಾನು ಪೆನ್ನಿನ ಮುಚ್ಚಳ ತೆಗೆದೆ.

"ಅಕ್ಕಾ, ಕೇಳಿಸ್ತಿದೆಯಾ? ಏನೂ ಬರೀಬೇಡ. ನಾನು ಬರೋವರೆಗೆ ಪೆನ್ನು ಮುಟ್ಟಬೇಡ!"

ಸಾಲಿನ ಮೊದಲಿಗ ತನ್ನ ಅರ್ಜಿಯನ್ನು ಮುಂದೆ ಚಾಚಿ ನಿಂತಿದ್ದ. ತಲೆಯೆತ್ತಿ ನೋಡಿದೆ. ಅವನ ಕಣ್ಣು ಅರಿಶಿನ ಬಳಿದಂತೆ ಹಳದಿಯಾಗಿತ್ತು. ಅವನ ಹಿಂದೆ ನಿಂತ ಹೆಂಗಸಿನದೂ ಹಾಗೇ. ಎರಡು ತಿಂಗಳಿಂದ ಇಂಥವರು ಒಂದು ಮೊಳ ದೂರದಲ್ಲಿ ನಿಂತು ಹೋಗಿದ್ದರು. ನಾನು ಕಾಗದದಿಂದ ತಲೆ ಎತ್ತಿರಲಿಲ್ಲ. ಒಬ್ಬೊಬ್ಬರೂ ಕಾಯಿಲೆಯ ಹೆಸರು ಹೇಳಿದಾಗ ನಾನು ಆಡುತ್ತಿದ್ದುದು ಒಂದೇ ಮಾತು: ಮುಂದಿನದು ಹೇಳಿ.

"ಹತ್ತು ನಿಮಿಷ ನಿಲ್ಲಿ," ಎಂದು ಅವರಿಗೆ ಹೇಳಿ ತಿದ್ದುಪಡಿ ಅರ್ಜಿಯನ್ನು ಎಳೆದುಕೊಂಡೆ. ನನ್ನ ಹೆಸರು. ಉದ್ಯೋಗ: ಅರ್ಜಿ ಬರೆಯುವವಳು. ಮಾಹಿತಿ ಹೇಗೆ ದೊರೆಯಿತು ಎಂಬಲ್ಲಿ ಟ್ಯಾಂಕ್ ಬೀದಿಯ ಮನೆಗಳನ್ನು ನೆನಪಿನಿಂದಲೇ ಒಂದೊಂದಾಗಿ ಬರೆದೆ. ಇಪ್ಪತ್ತಮೂರು ಮನೆ. ಕೊಟ್ಟ ಜಾಗ ಸಾಲದೆ ಕಾಗದದ ಅಂಚಿನಲ್ಲಿ ತಲೆಕೆಳಗಾಗಿ ಬರೆಯಬೇಕಾಯಿತು.

ವಾಪಸಪ್ಪ ಓದುತ್ತಾ ಹೋದಂತೆ ಅವನ ಮುಖದ ನಗು ಇಳಿಯಿತು.

"ಅಕ್ಕಾವ್ರೇ," ದನಿ ತಗ್ಗಿಸಿದ, "ನಾನಿದನ್ನ ನೋಡಿಲ್ಲ. ನೀವೂ ಕೊಟ್ಟಿಲ್ಲ. ಮಡಚಿ ಇಟ್ಕೊಂಡು ಮನೆಗೆ ಹೋಗಿ."

"ಹೋದ್ರೆ ಮೇಲ್ಗಡೆ ಇರೋಳು?"

ಅವನು ಸೀಲು ಹಾಕಿದ. ಎರಡನೇ ಸಲ ಒತ್ತಬೇಕಾಯಿತು, ಮೊದಲನೆಯದು ಮೂಡಿರಲಿಲ್ಲ.

ಮೇಲಿನ ಮಹಡಿಯ ಬೆಂಚಿನ ಮೇಲೆ ಸೀಸೆ ಒಬ್ಬಳೇ ಕೂತಿದ್ದಳು. ಕಾಲಲ್ಲಿ ಬಚ್ಚಲುಮನೆಯ ರಬ್ಬರ್ ಚಪ್ಪಲಿ. ತಲೆ ಬಾಚಿರಲಿಲ್ಲ. ನನ್ನನ್ನು ಕಂಡದ್ದೇ ಎದ್ದು ಬಂದು ಎರಡೂ ಕೈ ಹಿಡಿದುಕೊಂಡಳು.

"ಬಂದ್ಯಾ ಮಹಾತಾಯಿ! ಯಾರು ಹೇಳಿದ್ರೇ ನಿಂಗೆ? ಹಲ್ಲುಜ್ಜೋಕೂ ಬಿಡದೆ ಎಳ್ಕೊಂಡು ಬಂದ್ರು. ಯಾವುದೋ ಬ್ಲಾಗಂತೆ, ನಾನು ಗುಟ್ಟು ಬಿಟ್ಟುಕೊಟ್ಟೆನಂತೆ. ಯಾವನೋ ತಲೆಕೆಟ್ಟೋನು ನನ್ನ ಹೆಸರು, ಮನೆ ನಂಬರು ಎಲ್ಲಾ ಬರೆದು ಕೊಟ್ಟಿದಾನೆ. ಯಾರು ಅಂತ ಕೇಳಿದ್ರೆ ಹೇಳ್ತಿಲ್ಲ. ನಿಂಗೆ ಇಲ್ಲಿ ಎಲ್ರೂ ಗೊತ್ತಲ್ಲ, ಒಂಚೂರು ವಿಚಾರಿಸೇ."

"ನಾನು ಕಣೇ," ಎಂದೆ.

"ನೀನು ಏನು?"

"ಬರೆದು ಕೊಟ್ಟಿದ್ದು."

ಅವಳು ನಕ್ಕಳು. ಶಾಲೆಯಲ್ಲಿ ನಗುತ್ತಿದ್ದಂತೆಯೇ, ತಲೆ ಹಿಂದಕ್ಕೆ ಹಾಕಿ. "ಇಂಥಾ ಹೊತ್ತಲ್ಲೂ ನಿಂದು ತಮಾಷೆ."

ಒಳಗಿನಿಂದ ಒಬ್ಬ ಬಾಗಿಲು ತೆರೆದು, ಕೈಯಲ್ಲಿದ್ದ ಕಾಗದ ನೋಡಿ, ನನ್ನ ಪೂರ್ತಿ ಹೆಸರು ಕೂಗಿದ. ಆಮೇಲೆ ಸೀಸೆಯತ್ತ ತಿರುಗಿ, "ನೀವು ಹೋಗಬಹುದು," ಎಂದ.

ಅವಳು ಹೋಗಲಿಲ್ಲ. ನನ್ನ ಕೈ ಬಿಟ್ಟಳು. ನಗು ಇನ್ನೂ ಅವಳ ಮುಖದ ಮೇಲಿತ್ತು, ಅದನ್ನು ಏನು ಮಾಡಬೇಕೆಂದು ಅವಳಿಗೆ ತಿಳಿದಿರಲಿಲ್ಲ. ನಾನು ಒಳಗೆ ಹೋದೆ.