ಎರಡು ಉಸಿರು ಕಂಡ ಟ್ರಂಪೆಟ್

ನಾನು ಒಂದು ಟ್ರಂಪೆಟ್. ಹಿತ್ತಾಳೆಯ ಮೈ, ಮೂರು ಗುಂಡಿ, ಸುರುಳಿ ಬಿಚ್ಚಿ ಅಳೆದರೆ ಮೂರು ಮೊಳ ಮೀರುವ ಕೊಳವೆ. ನಾನು ಹುಟ್ಟಿದ್ದು ಬಹಳ ದೂರದ ಮೀರತ್ ಊರಿನ ಒಂದು ಇಕ್ಕಟ್ಟಾದ ಓಣಿಯಲ್ಲಿ. ಅಲ್ಲಿ ಬೆಳಗಾದರೆ ಸಾಕು, ನೂರಾರು ಸುತ್ತಿಗೆಗಳು ಒಟ್ಟಿಗೆ ಏಳುತ್ತಿದ್ದವು. ಕನ್ನಡಕದ ಒಂದು ಕಾಲನ್ನು ದಾರದಿಂದ ಕಟ್ಟಿಕೊಂಡಿದ್ದ ಮುದುಕ ಕಸುಬುದಾರನೊಬ್ಬ ನನ್ನ ಕೊಳವೆ ನಜ್ಜಾಗದಿರಲೆಂದು ಒಳಗೆ ಕಾದ ಸೀಸ ಹೊಯ್ದು, ಮೊಣಕಾಲ ಮೇಲಿಟ್ಟುಕೊಂಡು ಮೆಲ್ಲಗೆ ಬಗ್ಗಿಸಿದ. ಕೊನೆಗೆ ತಾನೇ ಒಮ್ಮೆ ಊದಿ, ತಲೆಯಾಡಿಸಿ, ಹುಲ್ಲು ತುಂಬಿದ ಮರದ ಖೋಕೆಯಲ್ಲಿ ಮಲಗಿಸಿದ.

ರೈಲಿನಲ್ಲಿ ಹುಬ್ಬಳ್ಳಿಗೆ ಬಂದೆ. ಒಂದು ವಾದ್ಯದಂಗಡಿಯ ಗೋಡೆಯ ಮೇಲೆ ಎರಡು ವರ್ಷ ನೇತಾಡಿದೆ. ಒಂದು ಮಧ್ಯಾಹ್ನ ಬೆಟಗೇರಿಯ ಸಮುವೇಲಪ್ಪ ಅಂಗಡಿಗೆ ಬಂದ. ಆಗ ಅವನಿಗೆ ಇಪ್ಪತ್ತಾರು. ಮಗ್ಗದಲ್ಲಿ ಸೀರೆ ನೇಯುವ ಕೈ, ಭಾನುವಾರ ಚರ್ಚಿನಲ್ಲಿ ಹಾಡುವ ಬಾಯಿ. ನನ್ನನ್ನು ಕೆಳಗಿಳಿಸಿಕೊಂಡು ಬಾಗಿಲಲ್ಲೇ ನಿಂತು ಊದಿದ್ದೇ ತಡ, ಬೀದಿಯಲ್ಲಿ ನಿಂತಿದ್ದ ಟಾಂಗಾದ ಕುದುರೆ ಬೆಚ್ಚಿ ಗಾಡಿಯನ್ನು ಎಳೆದುಕೊಂಡು ಓಡಿತು. ಟಾಂಗಾದವನ ಬೈಗುಳ ಕೇಳಿಯೂ ಸಮುವೇಲಪ್ಪ ನನ್ನಿಂದ ಬಾಯಿ ತೆಗೆಯಲಿಲ್ಲ. ಅಂಥ ಉದ್ದನೆಯ ಉಸಿರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಆಮೇಲಿನ ಮೂವತ್ತೈದು ವರ್ಷ ನನ್ನ ಬದುಕಿನ ಬಂಗಾರದ ಕಾಲ. ನಾವು ಆರು ಮಂದಿಯ ಬ್ಯಾಂಡ್ ಸೆಟ್. ಕೆಂಪು ಕೋಟು ತೊಟ್ಟು, ಗದಗಿನ ಸುತ್ತಲಿನ ಹಳ್ಳಿಗಳಿಗೆ ಮದುವೆಗಳಿಗೆಂದು ಹೋಗುತ್ತಿದ್ದೆವು. ಮೆರವಣಿಗೆಯಲ್ಲಿ ಮದುಮಗನ ಗೆಳೆಯರು ಕುಣಿದು ಕುಣಿದು ಸಾಕಾಗಿ ಕೂತರೂ ಸಮುವೇಲಪ್ಪನ ಉಸಿರು ಸೋಲುತ್ತಿರಲಿಲ್ಲ. ಕ್ರಿಸ್‌ಮಸ್ ಬಂತೆಂದರೆ ಓಣಿ ಓಣಿ ತಿರುಗುತ್ತಿದ್ದೆವು. ಪ್ರತಿ ಮನೆಯಲ್ಲೂ ಕರ್ಚಿಕಾಯಿ. ಸಕ್ಕರೆ ಅಂಟಿದ ಬೆರಳುಗಳಿಂದಲೇ ಅವನು ನನ್ನ ಗುಂಡಿ ಒತ್ತುತ್ತಿದ್ದ, ಮರುದಿನ ಇರುವೆಗಳು ನನ್ನನ್ನು ಹುಡುಕಿಕೊಂಡು ಬರುತ್ತಿದ್ದವು. ಪುನರುತ್ಥಾನದ ಹಬ್ಬವಾದ ಈಸ್ಟರ್ ದಿನ ಮಾತ್ರ ಬೇರೆ. ಸೂರ್ಯ ಹುಟ್ಟುವ ಮೊದಲು ಚರ್ಚಿನ ಸಭೆಯವರೆಲ್ಲ ಸಮಾಧಿಗಳ ತೋಟದಲ್ಲಿ ಸೇರುತ್ತಿದ್ದರು. ಬೇವಿನ ಮರಗಳ ಹಿಂದೆ ಬಾನು ಕೆಂಪಾಗುವ ಹೊತ್ತಿಗೆ ಸಮುವೇಲಪ್ಪ ಒಬ್ಬನೇ ಮುಂದೆ ಬಂದು ಊದುತ್ತಿದ್ದ. ತೀರಿಹೋದವರ ಹೆಸರು ಕೆತ್ತಿದ ಕಲ್ಲುಗಳ ನಡುವೆ ನಿಂತು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಆದರೆ ಒಂದು ಹಾಡಿಗೂ ಇನ್ನೊಂದು ಹಾಡಿಗೂ ನಡುವೆ ಅವನು ಬೀಡಿ ಹಚ್ಚುತ್ತಿದ್ದ. ಕಟ್ಟು ಕಟ್ಟಾಗಿ ಸೇದುತ್ತಿದ್ದ. ಆ ಹೊಗೆಯ ಕಮಟು ನನ್ನ ಕೊಳವೆಗೂ ಅಂಟಿತ್ತು. ಅರವತ್ತು ದಾಟುವ ಹೊತ್ತಿಗೆ ಅವನ ಎದೆ ಸಿಳ್ಳೆ ಹಾಕತೊಡಗಿತು. ಒಂದು ಮದುವೆಯಲ್ಲಿ ಹಾಡಿನ ನಡುವೆಯೇ ಕೆಮ್ಮು ಬಂದು ಕಲ್ಲಿನ ಮೇಲೆ ಕುಸಿದು ಕೂತ. ಪಟ್ಟಣದ ಡಾಕ್ಟರರು, ಪುಪ್ಪುಸ ಸವೆದುಹೋಗಿದೆ, ಹೋದದ್ದು ತಿರುಗಿ ಬರುವುದಿಲ್ಲ ಎಂದರು. ಬೀಡಿಯನ್ನು ಕೊನೆಗೂ ಬಿಟ್ಟ. ನನ್ನನ್ನೂ ಬಿಡಬೇಕಾಯಿತು.

ಆಗ ನಾನು ಅವನ ಮೊಮ್ಮಗಳ ಕೈಗೆ ಬಂದೆ.

ಅವಳ ಹೆಸರು ಎಸ್ತೇರ್. ಅಜ್ಜನ ಬಾಯಲ್ಲಿ ಎಸ್ತವ್ವ. ಹನ್ನೊಂದು ವರ್ಷದ, ಎರಡು ಜಡೆಯ ಹುಡುಗಿ. ಮೊದಲ ವಾರ ನನ್ನಿಂದ ಎಮ್ಮೆ ಕರು ಒದರಿದಂಥ ಸದ್ದು ಹೊರಡಿಸಿದಳು. ತಾಯಿ ಪ್ರೇಮಾ ಅಡಿಗೆಮನೆಯಿಂದಲೇ, "ಮಾವಾರ, ಬಾಜೂ ಮನಿಯವರು ಜಗಳಕ್ಕ ಬರತಾರ್ರಿ!" ಎಂದು ಕೂಗುತ್ತಿದ್ದಳು. ಅಜ್ಜ ಕಟ್ಟೆಯ ಮೇಲೆ ಕೂತು, ತೊಡೆಯ ಮೇಲೆ ಬೆರಳಿನಿಂದ ಎಣಿಸುತ್ತ ಕಲಿಸುತ್ತಿದ್ದ. ಮೂರು ವರ್ಷದಲ್ಲಿ ಹುಡುಗಿ ಪಳಗಿದಳು. ಹದಿನಾಲ್ಕನೆಯ ವಯಸ್ಸಿಗೆ ಈಸ್ಟರ್ ಬೆಳಿಗ್ಗೆ ಅವಳೇ ಮುಂದೆ ನಿಂತು ಊದಿದಳು. ಅವಳ ಉಸಿರು ಎಂಟು ಎಣಿಕೆಯವರೆಗೆ ಒಂದೇ ಸಮನೆ ಹರಿಯಿತು. ಅಜ್ಜ ಕೋಲೂರಿ ನಿಂತು ಕೇಳಿದ, ಯಾರ ಕಡೆಗೂ ನೋಡಲಿಲ್ಲ. ಮನೆಗೆ ಬಂದ ಮೇಲೆ ಹುಣಸೆಹಣ್ಣು ಹಚ್ಚಿ ನನ್ನನ್ನು ತಿಕ್ಕುತ್ತ, "ನಾ ಇನ್ನ ಸತ್ತರೂ ಚಿಂತಿಲ್ಲ ಬಿಡವಾ" ಎಂದ.

ಎಸ್ತೇರ್ ಕಾಲೇಜು ಸೇರಿದಳು. ಪಿಯುಸಿ ಮೊದಲ ವರ್ಷ. ದಾನೇಶ್ವರಿ ಎಂಬ ಗೆಳತಿ ಸಿಕ್ಕಳು. ನಗುಮುಖದ ಹುಡುಗಿ, ಕೆಟ್ಟವಳಲ್ಲ. ಒಂದು ಸಂಜೆ ಚರ್ಚಿನ ಸಭಾಭವನದಲ್ಲಿ ಅಭ್ಯಾಸ ಮುಗಿದ ಮೇಲೆ, ಕೇಳಲು ಬಂದಿದ್ದ ದಾನೇಶ್ವರಿ ಚೀಲದಿಂದ ಏನನ್ನೋ ತೆಗೆದಳು. ಬೆರಳುದ್ದದ, ನೀಲಿ ಬಣ್ಣದ ವಸ್ತು. ನಾನು ಬೆಂಚಿನ ಮೇಲಿಂದ ನೋಡಿ ಬಣ್ಣದ ಪೆನ್ನು ಎಂದುಕೊಂಡೆ.

"ಇದೇನಲೇ?" ಎಂದಳು ಎಸ್ತೇರ್.

"ವೇಪ್. ನಮ್ಮ ಕ್ಲಾಸಿನಾಗ ಭಾಳ ಮಂದಿ ಹತ್ರ ಐತಿ. ಮಾವಿನಹಣ್ಣಿನ ವಾಸನಿ ನೋಡು."

"ಬ್ಯಾಡವಾ. ನಮ್ಮಜ್ಜ ಬೀಡಿ ಸೇದಿ ಏನಾಗ್ಯಾನ ಗೊತ್ತಿಲ್ಲೇನು?"

"ಅಯ್ಯ, ಇದರಾಗ ಬೆಂಕಿ ಇಲ್ಲ, ಬೂದಿ ಇಲ್ಲ. ಬರೇ ಹಬಿ. ಇದು ಬೀಡಿ ಹೆಂಗಾಗತೈತಿ?"

ಎಸ್ತೇರ್ ಒಮ್ಮೆ ಎಳೆದಳು. ಕೆಮ್ಮಿದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು. ಅಷ್ಟೇ.

ಅಷ್ಟೇ ಆಗಿದ್ದರೆ ನಾನು ಇದನ್ನು ಹೇಳುತ್ತಲೂ ಇರಲಿಲ್ಲ. ತಿಂಗಳೊಳಗೆ ಅಂಥದೊಂದು ವಸ್ತು ನನ್ನ ಪೆಟ್ಟಿಗೆಗೇ ಬಂತು. ನನ್ನ ಕೆಳಗೆ ಹಾಸಿದ ಮಖಮಲ್ಲಿನ ಒಂದು ಮೂಲೆ ಬಿಟ್ಟಿತ್ತು. ಅದರಡಿ ಅವಳು ಅದನ್ನು ಬಚ್ಚಿಟ್ಟಳು. ಜೊತೆಗೆ ಅದಕ್ಕೆ ತುಂಬುವ ಬಣ್ಣದ ರಸದ ಸಣ್ಣ ಸೀಸೆಗಳು. ಹಗಲೂ ಇರುಳೂ ಆ ಸಿಹಿ ವಾಸನೆಯ ಪಕ್ಕದಲ್ಲಿ ನಾನು ಮಲಗಿದೆ. ಮೊದಮೊದಲು ವಾರಕ್ಕೊಮ್ಮೆ ಅವಳ ಕೈ ಮೂಲೆಗೆ ಹೋಗುತ್ತಿತ್ತು. ಆಮೇಲೆ ದಿನಕ್ಕೊಮ್ಮೆ. ಆಮೇಲೆ ಎದ್ದ ಕೂಡಲೇ. ಅದು ಸಿಗದ ದಿನ ತಲೆನೋವು, ತಾಯಿಯ ಮೇಲೆ ಸಿಡಿಮಿಡಿ, ಪುಸ್ತಕ ಹಿಡಿದರೆ ಮನಸ್ಸು ನಿಲ್ಲದು. ಹಬೆಯಲ್ಲಿಯೂ ನಿಕೋಟಿನ್ ಇತ್ತು. ಬೀಡಿ ಅಜ್ಜನನ್ನು ಹಿಡಿದದ್ದೂ ಅದರಿಂದಲೇ. ಆದರೆ ಅವಳಿಗೆ ಅದು ಮಾವಿನಹಣ್ಣು.

ಅವಳ ಉಸಿರು ನನಗೆ ಗೊತ್ತಾಗದೆ ಇನ್ನಾರಿಗೆ ಗೊತ್ತಾಗಬೇಕು? ಎಂಟು ಎಣಿಕೆಗೆ ಹರಿಯುತ್ತಿದ್ದದ್ದು ಏಳಕ್ಕೆ ಬಂತು, ಆರಕ್ಕೆ ಬಂತು. ಗಂಟಲು ಒಣಗಿ ಸ್ವರ ಒಡೆಯತೊಡಗಿತು. ಎಲ್ಲವನ್ನೂ ಬಲ್ಲೆ, ಹೇಳಲಾರೆ. ಬೇರೆಯವರ ಬಾಯಿಂದ ಮಾತ್ರ ಸದ್ದು ಮಾಡುವ ವಸ್ತು ನಾನು.

ಅಜ್ಜ ಕಟ್ಟೆಯ ಮೇಲಿಂದಲೇ ಹಿಡಿದ. "ಎಸ್ತವ್ವಾ, ಐದನೇ ಎಣಿಕಿಗೆ ಉಸುರು ತುಂಡಾಗಾಕತ್ತೈತಿ. ಯಾಕವಾ?"

"ನೆಗಡಿ ಆಗೇತಜ್ಜ."

"ನಂದೂ ಹಿಂಗ ಸುರು ಆಗಿತ್ತು. ಅದಕ್ಕ ಕೇಳಿದೆ."

ಅವಳು ನನ್ನನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದಳು.

ಈಸ್ಟರಿಗೆ ಹತ್ತು ದಿನವಿತ್ತು. ಎಸ್ತೇರಿಗೆ ಜ್ವರ ಬಂತು. ಎರಡು ದಿನ ವಾಂತಿ. ಮೂರನೆಯ ದಿನ ಬಚ್ಚಲಿನಿಂದ ಪಡಸಾಲೆಗೆ ಬರುವಷ್ಟರಲ್ಲಿ ಏದುಸಿರು ಬಿಟ್ಟು ಗೋಡೆ ಹಿಡಿದು ಕೂತಳು. ತುಟಿಗಳು ನೀಲಿಗಟ್ಟಿದ್ದವು. ಆಟೋದಲ್ಲಿ ಗದಗಿನ ಆಸ್ಪತ್ರೆಗೆ ಒಯ್ದರು. ಮನೆಯಲ್ಲಿ ಅಜ್ಜ ಉಳಿದ, ಪೆಟ್ಟಿಗೆಯಲ್ಲಿ ನಾನು, ಆ ನೀಲಿ ವಸ್ತುವಿನ ಜೊತೆ.

ಬಟ್ಟೆ ಒಯ್ಯಲು ಬಂದ ಪ್ರೇಮಾ ಅಳುತ್ತ ಮಾವನಿಗೆ ಹೇಳಿದಳು: "ನ್ಯುಮೋನಿಯಾ ಅಂತ ಔಷಧ ಕೊಡಾಕತ್ತಾರ್ರಿ. ಮೂರು ದಿನಾತು, ಏನೂ ತಾಗವಲ್ದು. ಆಕ್ಸಿಜನ್ ಹಚ್ಯಾರ. ಬೀಡಿ ಸಿಗರೇಟ ಚಟ ಐತೇನು ಅಂತ ಕೇಳಿದ್ರು. ಹೆಣ್ಣಹುಡುಗಿಗೆ ಹಿಂಗ ಕೇಳತಾರಂದ್ರ! ಇಲ್ರಿ ಅಂದೆ."

"ಆಕಿ ಏನಂದ್ಲು?"

"ಆಕಿನೂ ಇಲ್ಲಂದ್ಲು."

ಸೊಸೆ ಹೋದ ಮೇಲೆ ಅಜ್ಜ ನನ್ನ ಪೆಟ್ಟಿಗೆಯನ್ನು ತೊಡೆಯ ಮೇಲೆ ಎಳೆದುಕೊಂಡ. ಈ ಸಲ ಊದಲು ಬೇರೆ ಯಾರಿಗಾದರೂ ಕೊಡಬೇಕಲ್ಲ, ಒರೆಸಿಡೋಣವೆಂದು ನನ್ನನ್ನು ಹೊರಗೆತ್ತಿದ. ಮೂಗಿನ ಹತ್ತಿರ ಹಿಡಿದ. ಎದೆ ಸವೆದಿದ್ದರೂ ಮೂಗು ಚುರುಕಾಗಿತ್ತು. ಮಾವಿನ ಕಾಲ ಇನ್ನೂ ಸುರುವಾಗಿರಲಿಲ್ಲ. ಮಖಮಲ್ಲಿನ ಮೂಲೆ ಎತ್ತಿದ. ನೀಲಿ ವಸ್ತುವನ್ನು ಹೊರಳಿಸಿ ಹೊರಳಿಸಿ ನೋಡಿದ, ತುದಿ ಮೂಸಿದ. ಅವನಿಗೆ ಅದರ ಹೆಸರು ಗೊತ್ತಿರಲಿಲ್ಲ. ಆದರೆ ಬಾಯಿಗಿಟ್ಟು ಎಳೆಯುವ ವಸ್ತುವನ್ನು ಗುರುತಿಸದಿರಲು ಅವನೇನು ಹೊಸಬನೇ?

ಎಲ್ಲವನ್ನೂ ಇದ್ದಂತೆಯೇ ಇಟ್ಟು, ಪೆಟ್ಟಿಗೆ ಹೊತ್ತುಕೊಂಡು ಹೊರಟ. ಆಸ್ಪತ್ರೆಯಲ್ಲಿ ಲಿಫ್ಟು ಕೆಟ್ಟಿತ್ತು. ಅವಳಿದ್ದದ್ದು ಎರಡನೆಯ ಮಹಡಿ. ಎಂಟು ಹೆಜ್ಜೆ ನಡೆದರೆ ನಿಲ್ಲುವ ಮುದುಕ ಮೆಟ್ಟಿಲು ಹತ್ತತೊಡಗಿದ. ನಾಲ್ಕು ಮೆಟ್ಟಿಲು, ನಿಂತ. ಮೂರು ಮೆಟ್ಟಿಲು, ಕೂತ. ದಾರಿಯಲ್ಲಿ ಯಾರೋ, "ಕೊಡ್ರಿ ಅಜ್ಜಾರ, ನಾ ತರತೀನಿ" ಎಂದರು. ಅವನು ಪೆಟ್ಟಿಗೆಯನ್ನು ಎದೆಗವಚಿ ತಲೆಯಲ್ಲಾಡಿಸಿದ. ಅವನ ಎದೆಯ ಸಿಳ್ಳೆ ಪೆಟ್ಟಿಗೆಯ ಹಲಗೆ ತೂರಿ ನನಗೆ ಕೇಳುತ್ತಿತ್ತು. ಮೇಲೆ ಮುಟ್ಟಿದಾಗ ಮಾತೇ ಹೊರಡಲಿಲ್ಲ. ಲೇಡಿ ಡಾಕ್ಟರರ ಮುಂದೆ ಪೆಟ್ಟಿಗೆ ತೆರೆದು ಬೆರಳು ತೋರಿಸಿದ.

ಡಾಕ್ಟರು ನೀಲಿ ವಸ್ತುವನ್ನೂ ಸೀಸೆಗಳನ್ನೂ ಎತ್ತಿಕೊಂಡರು. ಹಾಸಿಗೆಯ ಮೇಲೆ ಆಕ್ಸಿಜನ್ನಿನ ಮುಖವಾಡ ಹಾಕಿಕೊಂಡು ಮಲಗಿದ್ದ ಎಸ್ತೇರ್ ಗೋಡೆಯ ಕಡೆ ಹೊರಳಿದಳು.

"ಎಷ್ಟು ದಿನದಿಂದ ಎಳೀತೀ?" ಡಾಕ್ಟರ ದನಿಯಲ್ಲಿ ಸಿಟ್ಟಿರಲಿಲ್ಲ.

ಹುಡುಗಿ ಏಳು ಬೆರಳು ತೋರಿಸಿದಳು. ಏಳು ತಿಂಗಳು.

"ಅಜ್ಜಾರ, ಛಲೋ ಮಾಡಿದ್ರಿ. ಇದರ ಹಬಿ ಎದಿಗೆ ಹೋಗಿ ಬಾವು ಬಂದಂಗ ಕಾಣತೈತಿ. ನಾವು ಸೋಂಕು ಅಂತ ತಿಳಕೊಂಡು ಔಷಧ ಕೊಡಾಕತ್ತಿದ್ವಿ. ಇವನ್ನ ಮಾರಬಾರದು ಅಂತ ಸರ್ಕಾರ ಬಂದ್ ಮಾಡೈತಿ, ಆದ್ರೂ ಕದ್ದು ಬರತಾವ. ಒಳಗ ಏನೇನು ಕೂಡಿಸಿರತಾರೋ ಮಾರಾವ್ರಿಗೂ ಗೊತ್ತಿರಂಗಿಲ್ಲ. ಈಗ ಔಷಧ ಬದಲಿ ಮಾಡತೀನಿ."

ಪ್ರೇಮಾ ಮಗಳ ಮೇಲೆ ಕೈ ಎತ್ತಿಯೇಬಿಟ್ಟಳು. "ನಮ್ಮ ಮಾನ ಕಳದೆಲ್ಲ ಬೇ!"

ಅಜ್ಜ ನಡುವೆ ಬಂದ. ಇನ್ನೂ ಏದುತ್ತಿದ್ದ. "ಪ್ರೇಮಾ, ಮೂವತ್ತೈದು ವರ್ಷ ನಾ ಬಯಲಾಗ ಸೇದೀನಿ. ನನಗ್ಯಾರೂ ಹೊಡೀಲಿಲ್ಲ. ಆಕೀನ್ನ ಯಾಕ ಹೊಡೀತಿ? ಮದಲ ಉಸುರಾಡ್ಲಿ."

ಆಗ ಎಸ್ತೇರ್ ಅತ್ತಳು. ಮುಖವಾಡದೊಳಗೆ ಹನಿಗಟ್ಟಿತು.

ಹೊಸ ಔಷಧ ಎರಡೇ ದಿನದಲ್ಲಿ ತಾಗಿತು. ಈಸ್ಟರ್ ಬೆಳಿಗ್ಗೆ ಅವಳಿನ್ನೂ ಆಸ್ಪತ್ರೆಯಲ್ಲೇ ಇದ್ದಳು. ಆ ವರ್ಷ ಸಮಾಧಿಗಳ ತೋಟದಲ್ಲಿ ಟ್ರಂಪೆಟ್ ಇಲ್ಲದೆಯೇ ಹಾಡಿದರಂತೆ.

ಮನೆಗೆ ಬಂದ ಮೇಲಿನ ದಿನಗಳು ಆಸ್ಪತ್ರೆಗಿಂತ ಕಠಿಣವಾಗಿದ್ದವು. ಎದೆಯ ಬಾವು ಇಳಿಯಿತು, ಚಟ ಇಳಿಯಬೇಕಲ್ಲ. ಕಾರಣವಿಲ್ಲದೆ ಅಳುತ್ತಿದ್ದಳು, ತಟ್ಟೆ ದೂಡುತ್ತಿದ್ದಳು. ಅಜ್ಜ ಅವಳನ್ನು ಕಟ್ಟೆಯ ಮೇಲೆ ಕೂರಿಸಿಕೊಳ್ಳುತ್ತಿದ್ದ. ಡಾಕ್ಟರು ಹೇಳಿಕೊಟ್ಟಂತೆ ಇಬ್ಬರೂ ಸೇರಿ ಮೆಲ್ಲಗೆ ಉಸಿರು ಎಳೆದು ಬಿಡುವುದು. ಒಬ್ಬರು ಎಪ್ಪತ್ತರವರು, ಒಬ್ಬರು ಹದಿನೇಳರವರು. ಓಣಿಯವರಿಗೆ ಅದೊಂದು ನೋಟ.

ಶ್ರಾವಣದ ಒಂದು ಸಂಜೆ ಕಾಲೇಜಿನಿಂದ ಬಂದವಳು ಚೀಲವನ್ನೂ ಇಳಿಸದೆ ಅಜ್ಜನ ಮುಂದೆ ನಿಂತಳು.

"ಅಜ್ಜ, ಇವತ್ತ ಮತ್ತ ಒಮ್ಮೆ ಎಳದೆ."

ಅಜ್ಜ ಅವಳ ಚೀಲ ಇಳಿಸಿಕೊಂಡ. "ಯಾರರ ನೋಡಿದ್ರೇನು?"

"ಇಲ್ಲ."

"ಮತ್ತ ಯಾಕ ಹೇಳಿದಿ?"

"ಹೇಳಬೇಕು ಅನಿಸ್ತು."

"ಕುಂಡ್ರು. ಚಹಾ ಕುಡಿ. ನಾನೂ ಬೀಡಿ ಬಿಟ್ಟೆ ಬಿಟ್ಟೆ ಅಂತ ನಾಕು ಸಲ ಸುಳ್ಳ ಹೇಳಿದಾಂವ. ನೀ ನನಕಿಂತ ಜಾಣ ಅದಿ."

ಅವತ್ತೇ ಕೊನೆ. ದಾನೇಶ್ವರಿಯನ್ನೂ ಕೈಹಿಡಿದು ಅದೇ ಡಾಕ್ಟರರ ಹತ್ತಿರ ಕರೆದೊಯ್ದವಳು ಎಸ್ತೇರೇ.

ಅಜ್ಜ ಇನ್ನೂ ಎರಡು ವರ್ಷ ಬದುಕಿದ. ಅವನನ್ನು ಮಣ್ಣು ಮಾಡಿದ ದಿನ ಎಸ್ತೇರ್ ನನ್ನನ್ನು ತೆಗೆದಳು. ಮೊದಲಿನ ಎಂಟು ಎಣಿಕೆಯ ಉಸಿರು ಅವಳಿಗೆ ಮರಳಿರಲಿಲ್ಲ. ನಾಲ್ಕಕ್ಕೊಮ್ಮೆ ನಿಂತು, ನಾಚದೆ ಉಸಿರು ತೆಗೆದುಕೊಂಡು, ಮತ್ತೆ ಮುಂದುವರಿಸಿದಳು. ಹಾಡು ತುಂಡು ತುಂಡಾಗಿಯೇ ಮುಗಿಯಿತು. ನಾನು ಊದಿಸಿಕೊಂಡ ನೂರಾರು ಹಾಡುಗಳಲ್ಲಿ ಅಷ್ಟು ನಿಜವಾದದ್ದು ಇನ್ನೊಂದಿಲ್ಲ.

ಈಗ ನನಗೆ ಮುಪ್ಪು. ನಡುಗುಂಡಿ ಸಿಕ್ಕಿಕೊಂಡಿದೆ, ಗಂಟೆಯಂಥ ಬಾಯಿಗೆ ಎರಡು ತಗ್ಗು ಬಿದ್ದಿವೆ. ಮೆರವಣಿಗೆಗಳಿಗೆ ಈಗ ದೊಡ್ಡ ದೊಡ್ಡ ಸ್ಪೀಕರುಗಳಿವೆ, ಅವಕ್ಕೆ ಯಾರ ಉಸಿರೂ ಬೇಡ. ನಾನು ಪಡಸಾಲೆಯ ಗಾಜಿನ ಕಪಾಟಿನಲ್ಲಿ, ಹೊಲಿಗೆ ಯಂತ್ರದ ಪಕ್ಕ ಇದ್ದೇನೆ. ಎಸ್ತೇರ್ ಈಗ ಶಾಲೆಯ ಟೀಚರು. ಮಹಡಿ ಹತ್ತುವಾಗ ಈಗಲೂ ಒಂದು ಕಡೆ ನಿಲ್ಲುತ್ತಾಳಂತೆ. ವಾಸಿಯಾಗುವುದು ಬೇರೆ, ಮೊದಲಿನಂತಾಗುವುದು ಬೇರೆ.

ಕೆಲವು ಭಾನುವಾರ ಅವಳು ಕಪಾಟು ತೆರೆಯುತ್ತಾಳೆ. ಹಾಡು ಗೀಡು ಏನೂ ಇಲ್ಲ. ನನ್ನನ್ನು ಎತ್ತಿಕೊಂಡು ಸುಮ್ಮನೆ ಒಮ್ಮೆ, ಮೆಲ್ಲಗೆ ಊದುತ್ತಾಳೆ. ತಣ್ಣಗಿದ್ದ ನನ್ನ ಹಿತ್ತಾಳೆ ಬೆಚ್ಚಗಾಗುತ್ತದೆ. ಅವಳು ನನ್ನನ್ನು ತಿರುಗಿ ಇಟ್ಟು ಒಳಗೆ ಹೋದ ಮೇಲೂ ಆ ಬಿಸಿ ಸ್ವಲ್ಪ ಹೊತ್ತು ಇರುತ್ತದೆ.