ಕಲ್ಲಿನ ಯಜಮಾನಿ

ಪಕ್ಕದ ಮನೆಯ ಭಾರತಮ್ಮನ ರೇಡಿಯೋ ದಿನವೂ ಬೆಳಿಗ್ಗೆ ಬೀದಿಗೆಲ್ಲ ಕೇಳುವಂತೆ ಕೂಗುತ್ತಿತ್ತು. ಎಪ್ಪತ್ತೊಂಬತ್ತನೆಯ ಇಸವಿಯ ಕಾರ್ತಿಕದಲ್ಲಿ ಒಂದು ದಿನ, ಏಳು ಗಂಟೆಯ ವಾರ್ತೆಯ ನಡುವೆ, ಅದು ಥಟ್ಟನೆ ನಿಂತುಹೋಯಿತು. ತುಳಸಿಗೆ ನೀರೆರೆಯುತ್ತಿದ್ದ ಸುಂದರಾಬಾಯಿ ಚೆಂಬನ್ನು ಹಾಗೆಯೇ ಹಿಡಿದು ನಿಂತರು. ಕರೆಂಟು ಹೋಗಿರಲಿಲ್ಲ, ಭಾರತಮ್ಮನ ಜಗಲಿಯ ದೀಪ ಉರಿಯುತ್ತಲೇ ಇತ್ತು. ತಾವು ಕೇಳಬಾರದೆಂದೇ ರೇಡಿಯೋದ ಕಿವಿ ಹಿಂಡಿದ್ದಾರೆ ಎಂದು ಅವರಿಗೆ ಹೊಳೆಯಿತು.

ಭಾರತಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಂದು ಬಾಗಿಲಲ್ಲಿ ನಿಂತಳು.

"ಪ್ರಹ್ಲಾದನೇನೇ?" ಎಂದು ಸುಂದರಾಬಾಯಿಯೇ ಕೇಳಿದರು. ಎದೆನೋವೆಂದು ಅವನು ಹಿಂದಿನ ವಾರವಷ್ಟೆ ಕಾಗದ ಬರೆದಿದ್ದ.

"ಹೂಂ ಅಕ್ಕಯ್ಯ. ಮೊನ್ನೆ ರಾತ್ರಿ, ಮದ್ರಾಸಲ್ಲಂತೆ. ನೆನ್ನೆ ಎಲ್ಲಾ ಮುಗೀತಂತೆ."

ಪಿಟೀಲು ವಿದ್ವಾನ್ ಪ್ರಹ್ಲಾದರಾಯರೆಂದರೆ ನಾಲ್ಕು ಸೀಮೆಗೆ ಗೊತ್ತು. ಸುಂದರಾಬಾಯಿಗೆ ಮಾತ್ರ ಅವನು ಹನ್ನೆರಡು ವರ್ಷ ಕಿರಿಯ ತಮ್ಮ. ಹೆತ್ತವಳು ಬಾಣಂತಿತನದಲ್ಲೇ ಹೋದ ಮೇಲೆ ಅಕ್ಕನನ್ನು ಕೊಟ್ಟಿದ್ದ ಮುಳಬಾಗಿಲಿನ ಈ ಮನೆಯಲ್ಲಿ ಅವರ ಸೆರಗು ಹಿಡಿದು ಬೆಳೆದ ಕೂಸು. ಕೊಟ್ಟ ಹೆಣ್ಣಿಗೆ ಒಡಹುಟ್ಟಿದವನ ಮೈಲಿಗೆ ಮೂರೇ ದಿನ. ನಾಲ್ಕನೆಯ ದಿನ ಅವರು ತಲೆಗೆ ನೀರು ಹಾಕಿಕೊಂಡರು. ಮೈಲಿಗೆ ಕಳೆಯಿತು, ತಳಮಳ ಕಳೆಯಲಿಲ್ಲ. ಜಪಕ್ಕೆ ಕೂತರೆ ಮಣಿ ಅರ್ಧಕ್ಕೇ ಬಿಟ್ಟು ಏಳುವರು. ಹಿತ್ತಲಿಗೆ ಹೋಗುವರು, ಯಾಕೆ ಬಂದೆನೆಂದು ಮರೆತು ತಿರುಗಿ ಬರುವರು.

"ಅತ್ತೆ, ಒಂದು ಕಡೆ ಕೂತ್ಕೋಬಾರ್ದಾ? ನಿಮ್ಮ ಓಡಾಟ ನೋಡಿ ಬೆಕ್ಕೂ ಮನೆ ಬಿಟ್ಟು ಹೋಯ್ತು," ಎಂದಳು ಸೊಸೆ ಅನಂತಲಕ್ಷ್ಮಿ.

"ಕೂತ್ರೆ ಅವನು ಎದುರಿಗೆ ಬಂದು ಕೂರ್ತಾನೆ ಕಣೇ."

ಬಂದು ಕೂರುತ್ತಿದ್ದುದು ನಿಜ. ಬಲಗಾಲನ್ನು ಮುಂದೆ ಚಾಚಿ, ಪಿಟೀಲಿನ ತಲೆಯನ್ನು ಪಾದದ ಮೇಲೆ ಊರಿ, ಇನ್ನೊಂದು ತುದಿಯನ್ನು ಎದೆಗೆ ಆನಿಸಿ, ಬೆರಳಿಗೆ ತೊಟ್ಟು ಕೊಬ್ಬರಿ ಎಣ್ಣೆ ಸವರಿಕೊಂಡು. ವರ್ಷವರ್ಷವೂ ರಾಮನವಮಿಗೆ ಆಂಜನೇಯನ ಗುಡಿಯ ಚಪ್ಪರದಲ್ಲಿ ಅವನ ಕಚೇರಿ. ಎಡಗೈ ಬೆರಳು ಒಂದೇ ತಂತಿಯ ಮೇಲೆ ಕೆಳಗಿನಿಂದ ಮೇಲಕ್ಕೆ ಜಾರಿದರೆ ಸ್ವರ ಎಲ್ಲಿ ಮುಗಿದು ಎಲ್ಲಿ ಮೊದಲಾಯಿತೆಂದು ತಿಳಿಯುತ್ತಿರಲಿಲ್ಲ. ಕಡೆಯಲ್ಲಿ, ತಾಯಿ ಹಾಡುತ್ತಿದ್ದ ನಾರಾಯಣನ ಪದ. ಅದನ್ನು ಬಾರಿಸುವಾಗ ಅಕ್ಷರಕ್ಕೊಂದು ಬಗೆಯಲ್ಲಿ ಕಮಾನನ್ನು ಒತ್ತುವನು. 'ರಾ' ಎಂಬಲ್ಲಿ ತಂತಿ ತುಸು ಉರುಳುವುದು, 'ಣ' ಎಂಬಲ್ಲಿ ಮೂಗಿನಿಂದ ಬಂದಂತೆ ಮಿಡಿಯುವುದು. ಮರದ ಪೆಟ್ಟಿಗೆ ಹೀಗೆ ಮಾತನಾಡುವುದನ್ನು ಕೇಳಿ, ಶ್ರೀನಿವಾಸಪುರದಿಂದ ಬರುವ ಮಾವಿನ ಮಂಡಿಯವರು ಕೂಡ ಬೀಡಿ ಆರಿಸಿ ಕೂರುತ್ತಿದ್ದರು.

ಆ ಪದದಲ್ಲಿ ಒಂದು ನಿಲುಗಡೆ ಇತ್ತು. 'ನಾರಾ' ಆದ ಮೇಲೆ ಕಮಾನು ತಂತಿಯ ಮೇಲೆಯೇ ನಿಂತುಬಿಡುವುದು. ಎತ್ತನು, ಎಳೆಯನು. ಮೃದಂಗದವನ ಕೈ ಗಾಳಿಯಲ್ಲೇ ಇರುವುದು. ಆಮೇಲೆ 'ಯಣ' ಎಂಬುದು ತುಂಬಿದ ಕೊಡ ತುಳುಕಿದ ಹಾಗೆ ಮೆಲ್ಲಗೆ ಬರುವುದು. ನಿಂತ ಕಮಾನು ಮತ್ತೆ ಹೊರಡುವಾಗ ತಂತಿ ಕಿರ್ ಎನ್ನದಂತೆ ನೋಡಿಕೊಳ್ಳುವುದು ಎಲ್ಲರ ಕೈಯಲ್ಲೂ ಆಗುವ ಕೆಲಸವಲ್ಲವೆಂದು ಬಲ್ಲವರು ಹೇಳುತ್ತಿದ್ದರು. ಮದ್ರಾಸಿನ ಪತ್ರಿಕೆಗಳಲ್ಲಿ ಆ ನಿಲುಗಡೆಯ ಮೇಲೆಯೇ ಬರೆದವರಿದ್ದರು.

ಸುಂದರಾಬಾಯಿಯೂ ಅಲ್ಲಿ ಉಸಿರು ಹಿಡಿದವರೇ. ಆದರೆ ಮೂರು ವರ್ಷದ ಹಿಂದೆ, ಕಚೇರಿ ಮುಗಿಸಿ ಬಂದವನಿಗೆ ಬಡಿಸುತ್ತ ಆಡಿದ ಮಾತು ಈಗ ಮುಳ್ಳಿನಂತೆ ಚುಚ್ಚುತ್ತಿತ್ತು.

"ಎಲ್ಲಾ ಸರಿ ಕಣೋ. ದೇವರ ಹೆಸರನ್ನ ಅರ್ಧಕ್ಕೆ ಯಾಕೆ ಕಡೀತೀಯ? ಜನ ತಲೆದೂಗ್ಲಿ ಅಂತ ತಾನೆ?"

ಅವನು ತುತ್ತನ್ನು ಕೈಯಲ್ಲೇ ಹಿಡಿದು ಅಕ್ಕನ ಮುಖ ನೋಡಿದ್ದ. "ಅದು ನಂದಲ್ಲ ಅಕ್ಕ."

"ಮತ್ತಿನ್ಯಾರದು? ಕೈ ನಿಂದು ತಾನೆ? ನಾರಾ ಅಂದು ಯಣ ಅನ್ನೋಕ್ ಮುಂಚೆ ಪ್ರಾಣ ಹೋದ್ರೆ ಏನೋ ಗತಿ?"

ಪ್ರಹ್ಲಾದ ನಕ್ಕು, "ಇನ್ಮೇಲೆ ಇಲ್ಲಿ ಕಡಿಯಲ್ಲ, ಸಾರು ಬಿಡು," ಎಂದಿದ್ದ. ಮುಂದಿನ ಮೂರು ರಾಮನವಮಿಗಳಲ್ಲೂ ನಾಮ ತುಂಡಾಗಲಿಲ್ಲ. ಸುಂದರಾಬಾಯಿ ಗೆದ್ದಿದ್ದರು; ಗೆದ್ದವರಿಗೇ ಯಾಕೋ ಪದ ಸಪ್ಪೆಯಾಗಿ ಕೇಳಿಸುತ್ತಿತ್ತು. ಪ್ರಾಣ ಹೋಗುವ ಮಾತನ್ನು ಈ ಬಾಯಿಂದಲೇ ಆಡಿದೆನಲ್ಲ ಎಂದು ಈಗ ಅವರು ಬಾಗಿಲಿಗೂ ಒಲೆಗೂ ಎಡತಾಕುತ್ತಿದ್ದರು.

ಒಂಬತ್ತನೆಯ ದಿನ ಕದಿರೇಶ ಬಂದ. ದೇವರಾಯಸಮುದ್ರದ ಹಿಪ್ಪುನೇರಳೆ ಬೆಳೆಯುವ ಮನೆಯವನು, ನಲವತ್ತು ದಾಟಿದವನು, ಕೋಲಾರದಲ್ಲಿ ಸಂಗೀತದ ಮೇಷ್ಟ್ರು; ಪ್ರಹ್ಲಾದನಲ್ಲಿ ಹತ್ತು ವರ್ಷ ಕಲಿತಿದ್ದ.

"ಅಮ್ಮಾ, ಹದಿಮೂರನೇ ದಿನ ಗುಡೀಲಿ ನಾನೇ ಬಾರಿಸ್ಬೇಕು ಅಂತವ್ರೆ. ಆ ಪದದಲ್ಲಿ ನಿಲ್ಸಲಾ, ಬ್ಯಾಡ್ವಾ? ಬೆರಳು ಎಣಿಸ್ಕೊಂಡು ನಿಲ್ಸಿ ನೋಡ್ದೆ. ಕೋಲಾರದ ಬಸ್ಸು ಬ್ರೇಕ್ ಹಾಕ್ದಂಗಾಗ್ತದೆ."

"ನಿನ್ನ ಗುರುಗಳನ್ನೇ ಕೇಳಿಕೊಳ್ಬೇಕಿತ್ತಪ್ಪ."

"ಕೇಳಿದ್ನಲ್ಲಮ್ಮಾ. ಎಲ್ಲಾ ಕಡೆ ನಿಲ್ಸ್ತೀರಿ, ಮುಳಬಾಗಿಲಲ್ಲಿ ಮಾತ್ರ ಯಾಕಿಲ್ಲ ಅಂದೆ. 'ಅಲ್ಲಿ ಕಲ್ಲಿನ ಯಜಮಾನಿ ಕೂತಿರ್ತಾಳೆ. ಅದು ಅವಳದ್ದು, ಅವಳೇ ಬೇಡ ಅಂದ್ಲು' ಅಂದ್ರು. ಯಾವ ಅಮ್ಮನೋ ಏನೋ, ಇರ್ಲಿ ಅಂತ ನಾನು ಕೋಲಾರಮ್ಮನಿಗೆ ಕಾಯಿ ಒಡೆಸ್ಕೊಂಡು ಬಂದೆ."

ಸುಂದರಾಬಾಯಿಗೂ ಅರ್ಥವಾಗಲಿಲ್ಲ. "ನಿಲ್ಲಿಸ್ಬೇಡ. ಅಂಥ ದಿನ ನಾಮ ಮುರೀಬಾರದು," ಎಂದುಬಿಟ್ಟರು. ಹೇಳಿದ ಮೇಲೆ ಸಂಕಟ ಇಮ್ಮಡಿಯಾಯಿತು. ನಿಲ್ಲಿಸಿದರೆ ದೇವರಿಗೆ ತಪ್ಪುತ್ತದೆ. ನಿಲ್ಲಿಸದಿದ್ದರೆ ಅಲ್ಲಿ ಪ್ರಹ್ಲಾದನೇ ಇರುವುದಿಲ್ಲ.

ಸಮಾರಾಧನೆಗೆ ಲಾಡು ಕಟ್ಟಲು ಕಡಲೆಹಿಟ್ಟು ಬೇಕಿತ್ತು. ಮಿಷನ್ನಿನ ಹಿಟ್ಟು ಮಡಿಗೆ ಬಾರದು. ಹನ್ನೆರಡನೆಯ ದಿನ ಬೆಳಿಗ್ಗೆ ಸುಂದರಾಬಾಯಿ ಮೂಲೆಯಲ್ಲಿದ್ದ ಬೀಸುವ ಕಲ್ಲನ್ನು ತಾವೇ ತೊಳೆದರು.

"ನಾನು ಬೀಸ್ತೀನಿ ಬಿಡಿ ಅತ್ತೆ. ಎಪ್ಪತ್ತು ಹತ್ರ ಬಂತು ನಿಮಗೆ."

"ಕೈಗೆ ಏನಾದ್ರೂ ಕೆಲಸ ಕೊಡದಿದ್ರೆ ನನಗೆ ಹುಚ್ಚು ಹಿಡಿಯುತ್ತೆ ಕಣೇ. ಸರಿ ಅತ್ಲಾಗೆ."

ಒಂದು ಕಾಲು ಚಾಚಿ ಕೂತು ಗೂಟ ಹಿಡಿದರು. ಕಲ್ಲು ತಿರುಗುತ್ತಿದ್ದಂತೆ ಪದ ತಾನಾಗಿ ಬಾಯಿಗೆ ಬಂತು. 'ನಾರಾ' ಎನ್ನುವಾಗ ಎಡಗೈ ಮೊರದ ಕಡೆ ಹೋಯಿತು. ಬಗ್ಗಿದಾಗ ದನಿ ನಿಂತಿತು. ಹಿಡಿ ಬೇಳೆ ಕಲ್ಲಿನ ಬಾಯಿಗೆ ಬಿತ್ತು. 'ಯಣ' ಹೊರಬಂತು.

ಸುಂದರಾಬಾಯಿ ಕಲ್ಲು ನಿಲ್ಲಿಸಿದರು. ಮತ್ತೆ ತಿರುಗಿಸಿದರು. ಅಲ್ಲಿಯೇ ನಿಂತಿತು. ಮೂರನೆಯ ಸಲ, ಏನಾದರೂ ಸರಿಯೆ ನಿಲ್ಲಿಸಕೂಡದೆಂದು ಒಂದೇ ಉಸಿರಿನಲ್ಲಿ ಹಾಡಿದರು. ಕೈ ತಪ್ಪಿ ಬೇಳೆ ನೆಲಕ್ಕೆಲ್ಲ ಚೆಲ್ಲಿತು. ಐದು ವರ್ಷದ ಕೂಸು ಅವರ ತೊಡೆಯ ಮೇಲೆ ತಲೆಯಿಟ್ಟು, ಮೊರಕ್ಕೂ ಕಲ್ಲಿಗೂ ಓಡಾಡುವ ಕೈಯನ್ನೇ ನೋಡುತ್ತ ಮಲಗುತ್ತಿದ್ದುದು ನೆನಪಾಯಿತು. ಅವನು ಕಡಿದಿರಲಿಲ್ಲ. ಕೇಳಿದ್ದನ್ನು ಕೇಳಿದ ಹಾಗೆಯೇ ಐವತ್ತು ವರ್ಷ ಕಾಪಾಡಿಕೊಂಡು ಬಂದಿದ್ದ.

"ಅನಂತೂ, ಕದಿರೇಶನ್ನ ಕರೆಸು. ಪಿಟೀಲು ತರೋಕೆ ಹೇಳು."

ಗುಡಿಯ ಹತ್ತಿರ ಇಳಿದುಕೊಂಡಿದ್ದ ಕದಿರೇಶ ಗಾಬರಿಯಿಂದ ಬಂದು ಕಲ್ಲಿನ ಮುಂದೆ ಕೂತ.

"ಎಣಿಸ್ಬೇಡ. ನನ್ನ ಕೈ ನೋಡು," ಎಂದರು ಸುಂದರಾಬಾಯಿ.

ಎರಡು ಸಲ ತಪ್ಪಿತು. ಮೂರನೆಯ ಸಲ, ಕೈ ಮೊರಕ್ಕೆ ಹೋದಾಗ ಕಮಾನು ನಿಂತಿತು. ಬೇಳೆ ಬಿದ್ದಾಗ ಹೊರಟಿತು. ತಂತಿ ಕಿರ್ ಎನ್ನಲಿಲ್ಲ. ಕದಿರೇಶ ಕಮಾನನ್ನು ಕೆಳಗಿಟ್ಟು, ಕಲ್ಲನ್ನೂ ಅವರನ್ನೂ ನೋಡಿದ.

"ನೀವೇನಮ್ಮಾ ಕಲ್ಲಿನ ಯಜಮಾನಿ? ನಾನು ಕಾಯಿನ ಕೋಲಾರಮ್ಮನಿಗೆ ಕೊಟ್ಟು ಬಂದ್ನಲ್ಲ."

"ಅವಳಿಗೇ ಸಲ್ಲಲಿ ಬಿಡಪ್ಪ. ನಾಳೆ ನಿಲ್ಲಿಸು."

ಮರುದಿನ ಸಂಜೆ ಗುಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಬಕ್ಕೆ ಒರಗಿ ಕೂತ ಸುಂದರಾಬಾಯಿಗೆ ಕೊನೆಯ ಪದ ಬರುವವರೆಗೆ ಮೈಯೆಲ್ಲ ಮುಳ್ಳು. ಕದಿರೇಶ ಅವರ ಕಡೆ ಒಮ್ಮೆ ನೋಡಿದ. ಸುಂದರಾಬಾಯಿಯ ಎಡಗೈ ತಾನಾಗಿ ಇಲ್ಲದ ಮೊರದ ಕಡೆ ಚಾಚಿತು. 'ನಾರಾ' ಎಂದು ನುಡಿದು ಕಮಾನು ತಂತಿಯ ಮೇಲೆ ನಿಂತಿತು. ಇಷ್ಟು ದಿನ ಓಡಾಡಿದ ಅವರ ಮನಸ್ಸೂ ಅದರ ಜೊತೆಗೆ ನಿಂತಿತು. ಕಣ್ಣು ಮುಚ್ಚಿಕೊಂಡರು.

ಸ್ವಾಮಿ, ನಿನ್ನ ಹೆಸರಿನ ನಡುವೆ ನನ್ನ ತಮ್ಮ ಬಿಟ್ಟಿದ್ದು ನಾನು ಉಸಿರಾಡಿದ ಜಾಗ. ತಿಳಿಯದೆ ಬೇಡವೆಂದೆ, ಆ ತಪ್ಪು ನನಗಿರಲಿ, ಅವನಿಗೆ ತಟ್ಟದಿರಲಿ. ತಾಯಿಯಿಲ್ಲದ ಮಗು ಅವನು, ತಲೆಯಿಡಲು ಒಂದು ತೊಡೆ ಬೇಕು. ನಿನ್ನ ಪಾದದ ಹತ್ತಿರ ಅವನನ್ನು ಮಲಗಿಸಿಕೋ. ಅವನ ಜೀವಕ್ಕೆ ಶಾಂತಿ ಕೊಡು, ನಾರಾಯಣ.